ಮಳೆ ನಿಂತ ಮೇಲಿನ ತಾಲೀಮು

ಜುಲೈ ತಿಂಗಳಲ್ಲಿ ಕೊಡಗಿನ ಶಾಲೆಗಳಲ್ಲಿ ನಾಟಕದ ಮಾತು ಕಲಿಸಲಾಗುವುದಿಲ್ಲ. ಶೀಟಿನ ಮಾಡಿನ ಮೇಲೆ ಮಳೆ ಹಿಡಿದುಕೊಂಡಿತೆಂದರೆ ಎರಡು ಮಾರು ದೂರ ನಿಂತವನ ಕೂಗೂ ಕಿವಿಗೆ ಮುಟ್ಟದು. ಇದನ್ನು ಬಲ್ಲ ಮೇಷ್ಟ್ರು ಮಳೆಗಾಲದಲ್ಲಿ ನಾಟಕದ ಪುಸ್ತಕ ಬಿಚ್ಚುವುದಿಲ್ಲ, ಮಕ್ಕಳಿಗೆ ನಡಿಗೆ ಕಲಿಸುತ್ತಾರೆ. ಬೆನ್ನು ಬಾಗಿದ ಅಜ್ಜಿ ಮೆಟ್ಟಿಲು ಹತ್ತುವುದು ಹೇಗೆ, ತಲೆಹೊರೆ ಹೊತ್ತವಳ ಕತ್ತು ನಿಲ್ಲುವುದು ಹೇಗೆ, ಕೆಸರಿನಲ್ಲಿ ಹೂತ ಕಾಲನ್ನು ಎತ್ತಿಡುವುದು ಹೇಗೆ. ನಾಟಿ ನಡೆಯುವ ದಿನಗಳವು. ಗದ್ದೆಯಲ್ಲಿ ಕಂಡದ್ದನ್ನೇ ಮಕ್ಕಳು ಸಿಮೆಂಟಿನ ನೆಲದ ಮೇಲೆ ಮಾಡಿ ತೋರಿಸುತ್ತಾರೆ, ಒಬ್ಬರದನ್ನೊಬ್ಬರು ನೋಡಿ ನಗುತ್ತಾರೆ. ಮಾತಿನ ಸರದಿ ಬರುವುದು ಆಮೇಲೆ. ಕೈಲ್‌ಪೊಳ್ದ್ ಹಬ್ಬ ಕಳೆದು, ತುಲಾ ಸಂಕ್ರಮಣಕ್ಕೆ ತಲಕಾವೇರಿಯ ತೀರ್ಥೋದ್ಭವ ಮುಗಿದು, ಆಕಾಶ ತಿಳಿಯಾದ ಮೇಲೆ ದಿನದ ಕೊನೆಯ ಪಿರಿಯಡ್ ತಾಲೀಮಿನದಾಗುತ್ತದೆ.

‘ಸ್ಕೂಲ್ ಡೇ’ ಎಂದು ಎಲ್ಲರ ಬಾಯಲ್ಲಿರುವ ವಾರ್ಷಿಕೋತ್ಸವ ಬರುವುದು ಹುತ್ತರಿ ಹಬ್ಬದ ನಂತರ, ಹೆಚ್ಚಾಗಿ ಡಿಸೆಂಬರ್, ಜನವರಿಯಲ್ಲಿ. ಸ್ವಾಗತ, ವರದಿ, ಬಹುಮಾನ ವಿತರಣೆ, ರೆಕಾರ್ಡ್ ಹಾಕಿ ಕುಣಿಯುವ ಹತ್ತಾರು ನೃತ್ಯ, ಕೊನೆಗೊಂದು ನಾಟಕ. ನೃತ್ಯಕ್ಕೆ ಎರಡು ವಾರ ಸಾಕು. ನಾಟಕ ಎರಡು ತಿಂಗಳು ಬೇಡುತ್ತದೆ. ಹಾಗಾಗಿಯೇ ಎಷ್ಟೋ ಶಾಲೆಗಳು ಅದನ್ನು ಕೈಬಿಟ್ಟಿವೆ. ಕೈಬಿಡದೆ ಉಳಿಸಿಕೊಂಡಿರುವ ಶಾಲೆಗಳಲ್ಲಿ ಆ ಎರಡು ತಿಂಗಳು ಏನು ನಡೆಯುತ್ತದೆ ಎಂಬುದನ್ನು ಹೇಳಬೇಕೆಂದೇ ಈ ಬರಹ. ಪ್ರದರ್ಶನದ ರಾತ್ರಿಯನ್ನು ಎಲ್ಲರೂ ನೋಡುತ್ತಾರೆ, ಫೋಟೋ ತೆಗೆಯುತ್ತಾರೆ. ತಾಲೀಮನ್ನು ನೋಡಲು ಯಾರೂ ಬರುವುದಿಲ್ಲ.

2011ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ 5,54,519. ಇಷ್ಟು ಸಣ್ಣ ಜಿಲ್ಲೆಯ ಒಂದು ಬೆಂಚಿನ ಮೇಲೆ ಎಷ್ಟು ನುಡಿಗಳು ಕೂತಿರುತ್ತವೆ ಎಂಬುದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಕೊಡವ ತಕ್ಕ್ ಆಡುವ ಮನೆಯ ಹುಡುಗಿಯ ಪಕ್ಕದಲ್ಲಿ ಅರೆಭಾಷೆಯವನು, ಅವನಾಚೆ ಮಲಯಾಳವೋ ತುಳುವೋ ಬ್ಯಾರಿಯೋ ಮನೆಮಾತಾಗಿರುವ ಮಗು, ಹಿಂದಿನ ಸಾಲಿನಲ್ಲಿ ಹಾಡಿಯಿಂದ ಬರುವ ಯರವರ, ಜೇನುಕುರುಬರ ಮಕ್ಕಳು. ಈಚಿನ ವರ್ಷಗಳಲ್ಲಿ ತೋಟದ ಕೆಲಸಕ್ಕೆಂದು ಅಸ್ಸಾಮಿನಿಂದ ಬಂದು ಲೈನ್‌ಮನೆಗಳಲ್ಲಿ ನೆಲೆಸಿದ ಕುಟುಂಬಗಳ ಮಕ್ಕಳೂ ಸೇರಿದ್ದಾರೆ. ಇವರೆಲ್ಲರ ನಡುವಿನ ಭಾಷೆ ಕನ್ನಡ. ಆದರೆ ಪಾಠದ ಪುಸ್ತಕದ ಕನ್ನಡದಲ್ಲಿ ಯಾರೂ ಯಾರನ್ನೂ ಬೈಯುವುದಿಲ್ಲ, ಬೇಡಿಕೊಳ್ಳುವುದಿಲ್ಲ, ಸುಳ್ಳು ಹೇಳಿ ಸಿಕ್ಕಿಬೀಳುವುದಿಲ್ಲ. ಅದನ್ನು ಮಗು ಕಣ್ಣು ಕೆಳಗಿಟ್ಟು ಓದಿದರೆ ಮುಗಿಯಿತು. ನಾಟಕದ ಕನ್ನಡ ಹಾಗಲ್ಲ. ಎದುರಿಗಿರುವವನ ಮುಖ ನೋಡಿ ಆಡಬೇಕು, ಅವನು ತಿರುಗಿ ಆಡುವುದನ್ನು ಕೇಳಿಸಿಕೊಳ್ಳಬೇಕು. ಮೂರು ವರ್ಷದಿಂದ ಹಾಜರಿಗೆ ‘ಎಸ್ ಸಾರ್’ ಎನ್ನುವುದರ ಹೊರತು ಬಾಯಿ ಬಿಡದ ಮಗು ಮೊದಲ ಸಲ ಕನ್ನಡದಲ್ಲಿ ಸಿಟ್ಟಾಗುವುದು ಬಹುಶಃ ತಾಲೀಮಿನಲ್ಲಿ.

ಆದ್ದರಿಂದ ಪಾತ್ರ ಹಂಚುವ ದಿನವೇ ನನ್ನ ಪಾಲಿಗೆ ಎಲ್ಲಕ್ಕಿಂತ ದೊಡ್ಡ ದಿನ. ಹೆಚ್ಚು ಅಂಕ ತೆಗೆಯುವವನಿಗೆ, ಸ್ಪಷ್ಟವಾಗಿ ಓದುವವಳಿಗೆ, ಊರಿನ ಗಣ್ಯರ ಮಕ್ಕಳಿಗೆ ದೊಡ್ಡ ಪಾತ್ರ ಕೊಟ್ಟು, ಉಳಿದವರನ್ನು ಮರ, ಬಂಡೆ, ದ್ವಾರಪಾಲಕರನ್ನಾಗಿ ನಿಲ್ಲಿಸುವುದು ಸುಲಭದ ದಾರಿ. ಒಳ್ಳೆಯ ಮೇಷ್ಟ್ರು ಮೊದಲ ಎರಡು ವಾರ ಯಾರ ಪಾತ್ರವನ್ನೂ ಗಟ್ಟಿ ಮಾಡುವುದಿಲ್ಲ. ಇಂದು ರಾಜನಾದವನು ನಾಳೆ ಸೇವಕ. ಎಲ್ಲರೂ ಎಲ್ಲರ ಮಾತನ್ನೂ ಆಡಿ ನೋಡುತ್ತಾರೆ. ಹೀಗೆ ತಿರುಗಿಸುವಾಗಲೇ ಹಿಂದಿನ ಬೆಂಚಿನ ಹುಡುಗಿಯೊಬ್ಬಳ ಗಂಟಲು ತೆರೆದುಕೊಳ್ಳುತ್ತದೆ. ಅವಳ ಉಚ್ಚಾರ ಪುಸ್ತಕದಂತಿಲ್ಲ ಎಂದು ತಿದ್ದಲು ಹೊರಡುವವರಿದ್ದಾರೆ. ನನಗದು ಸರಿ ಕಾಣುವುದಿಲ್ಲ. ರಾಣಿಯ ಮಾತಿನಲ್ಲಿ ಯರವ ನುಡಿಯ ಧಾಟಿ ಇದ್ದರೆ ನಾಟಕಕ್ಕೆ ಅದರಿಂದ ಲಾಭವೇ. ಸಭೆಯಲ್ಲಿ ಕೂತ ಅವಳ ತಾಯಿಗೆ ಆ ರಾಣಿ ಹತ್ತಿರದವಳಾಗುತ್ತಾಳೆ.

ಈ ನೆಲಕ್ಕೆ ನಾಟಕ ಹೊಸತಲ್ಲ. ಕೊಡವ ತಕ್ಕ್‌ನಲ್ಲಿ ಬರಹದ ಸಾಹಿತ್ಯ ಕಣ್ಣುಬಿಟ್ಟದ್ದೇ ನಾಟಕದಿಂದ ಎನ್ನಬಹುದು. ಹರದಾಸ ಅಪ್ಪಚ್ಚಕವಿ (1868–1944) ‘ಯಯಾತಿ’ ಬರೆದದ್ದು 1906ರಲ್ಲಿ. ಆಮೇಲೆ ‘ಸಾವಿತ್ರಿ’, ‘ಸುಬ್ರಹ್ಮಣ್ಯ’, ‘ಕಾವೇರಿ’ ಬಂದವು. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡುಗಳನ್ನು ಕೂಡಿಸಿ ‘ಪಟ್ಟೋಲೆ ಪಳಮೆ’ಯನ್ನು ಹೊರತಂದದ್ದು 1924ರಲ್ಲಿ. ಅಂದರೆ ಅಪ್ಪಚ್ಚಕವಿಯ ಮೊದಲ ನಾಟಕ ಅದಕ್ಕಿಂತ ಹದಿನೆಂಟು ವರ್ಷ ಹಿರಿಯದು. ಪುರಾಣದ ಕಥೆಗಳನ್ನು ಮನೆಮಾತಿನಲ್ಲಿ ರಂಗಕ್ಕೆ ತಂದ ಆ ಧೈರ್ಯವನ್ನು ನೆನೆದರೆ ಈಗಲೂ ಮೈ ನವಿರೇಳುತ್ತದೆ.

ಮಕ್ಕಳ ಕಡೆಯಿಂದ ನೋಡಿದರೆ ಇನ್ನೊಂದು ಹೆಸರು ಎದುರಾಗುತ್ತದೆ. ಕನ್ನಡದಲ್ಲಿ ಮಕ್ಕಳಿಗಾಗಿಯೇ ಬರೆದವರಲ್ಲಿ ಮೊದಲ ಸಾಲಿನ ಪಂಜೆ ಮಂಗೇಶರಾಯರು ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. ಕೊಡಗನ್ನು ಹಾಡಿ ಹೊಗಳಿದ ‘ಹುತ್ತರಿ ಹಾಡು’ ಅವರದೇ. ಪಂಜೆಯವರ ಶಿಶುಗೀತೆಗಳನ್ನು ಕೈ ಕಟ್ಟಿಕೊಂಡು ಹೇಳಲು ಯಾವ ಮಗುವಿಗೂ ಸಾಧ್ಯವಿಲ್ಲ. ಹೇಳುತ್ತಿದ್ದಂತೆ ಹೆಡೆ ಎತ್ತಬೇಕು, ತಲೆ ಬಾಗಿಸಬೇಕು, ಕೈ ಮುಗಿಯಬೇಕು. ಅಭಿನಯ ಅದರೊಳಗೇ ಸೇರಿಕೊಂಡಿದೆ. ಒಂದನೇ ತರಗತಿಯಲ್ಲಿ ಹೀಗೆ ಶುರುವಾದದ್ದು ಏಳನೇ ತರಗತಿಗೆ ಬರುವಾಗ ನಾಟಕವಾಗಿ ಬೆಳೆದಿರಬೇಕಿತ್ತು. ಮಧ್ಯೆ ಎಲ್ಲೋ ನಾವು ಮಕ್ಕಳ ಕೈ ಕಟ್ಟಿಸಿ ಕೂರಿಸಿಬಿಡುತ್ತೇವೆ.

ಪಂಜೆಯವರ ಊರಾದ ಬಂಟ್ವಾಳದ ಕಡೆಯವರೇ ಬಿ.ವಿ. ಕಾರಂತರು, ಮಂಚಿಯವರು. ಮೂರನೇ ತರಗತಿಯಲ್ಲಿದ್ದಾಗ ಕುವೆಂಪು ಅವರ ‘ನನ್ನ ಗೋಪಾಲ’ದಲ್ಲಿ ಪಾತ್ರ ಮಾಡಿದ್ದು ಅವರ ಮೊದಲ ರಂಗಾನುಭವ. ಮುಂದೆ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದ ಆ ಹುಡುಗ 1989ರಲ್ಲಿ ಮೈಸೂರಿನ ರಂಗಾಯಣದ ಮೊದಲ ನಿರ್ದೇಶಕರಾದರು. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ದೂರದ ಆ ರಂಗಾಯಣ ಬೇಸಿಗೆ ರಜೆಯಲ್ಲಿ ಮಕ್ಕಳಿಗಾಗಿ ‘ಚಿನ್ನರ ಮೇಳ’ ನಡೆಸುತ್ತದೆ. ಹೆಗ್ಗೋಡಿನ ನೀನಾಸಂ, ಸಾಣೇಹಳ್ಳಿ, ರಂಗಾಯಣಗಳಲ್ಲಿ ಕಲಿತ ಯುವಕ ಯುವತಿಯರು ಶಾಲೆಗಳಿಗೆ ಬಂದು ನಾಟಕ ಕಲಿಸಿ ಹೋಗುವುದುಂಟು. ಸರ್ಕಾರಿ ಪ್ರೌಢಶಾಲೆಗಳಿಗೆ ನಾಟಕದ ಶಿಕ್ಷಕರೆಂದೇ ನೇಮಕವಾದವರೂ ಇದ್ದಾರೆ. ಆದರೆ ಇಡೀ ರಾಜ್ಯಕ್ಕೆ ಲೆಕ್ಕ ಹಾಕಿದರೆ ಅವರು ತೀರಾ ಕಡಿಮೆ. ಉಳಿದೆಲ್ಲ ಕಡೆ ಈ ಹೊರೆ ಕನ್ನಡದ ಟೀಚರ್ ಅಥವಾ ಪಿ.ಟಿ. ಮೇಷ್ಟ್ರ ಹೆಗಲಿಗೆ. ಎರಡು ತಿಂಗಳು ಸಂಜೆ ಮನೆಗೆ ತಡವಾಗಿ ಹೋಗುವ ಇವರಿಗೆ ಅದಕ್ಕಾಗಿ ಒಂದು ರೂಪಾಯಿಯೂ ಹೆಚ್ಚಿಗೆ ಸಿಗುವುದಿಲ್ಲ.

ಯಾವ ನಾಟಕ ಎಂಬ ಪ್ರಶ್ನೆಗೆ ಕನ್ನಡದಲ್ಲಿ ಒಳ್ಳೆಯ ಉತ್ತರಗಳಿವೆ. ಎಚ್.ಎಸ್. ವೆಂಕಟೇಶಮೂರ್ತಿಯವರ ‘ಅಳಿಲು ರಾಮಾಯಣ’, ವೈದೇಹಿಯವರ ‘ಧಾಂ ಧೂಂ ಸುಂಟರಗಾಳಿ’, ಕಂಬಾರರ ‘ಪುಷ್ಪರಾಣಿ’. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಕಥನಕವನವಾಗಿದ್ದರೂ ಶಾಲೆಯ ರಂಗದ ಮೇಲೆ ಅದಕ್ಕೆ ಸಾಟಿಯಿಲ್ಲ, ಏಕೆಂದರೆ ಅದರಲ್ಲಿ ಇಲಿಗಳಿವೆ. ನಲವತ್ತು ಮಕ್ಕಳ ತರಗತಿಯಲ್ಲಿ ಯಾರನ್ನೂ ಹೊರಗಿಡದೆ ನಾಟಕ ಮಾಡಬೇಕೆಂದರೆ ಇಲಿಗಳೇ ಬೇಕು. ಬಾಲಕ್ಕೆ ಹಗ್ಗ, ಕಿವಿಗೆ ರಟ್ಟು. ಜೋಗಿಯ ಹಿಂದೆ ಓಡುವಾಗ ಪ್ರತಿ ಇಲಿಗೂ ತನ್ನದೇ ಒಂದು ಓಟ ಹುಡುಕಿಕೊಳ್ಳಲು ಬಿಟ್ಟರೆ ಮಕ್ಕಳು ಕುಂಟು ಇಲಿ, ಮುದಿ ಇಲಿ, ಮರಿ ಹೊತ್ತ ಇಲಿಗಳನ್ನು ತಾವೇ ಹುಟ್ಟಿಸುತ್ತಾರೆ.

ಕಾರಂತರ ‘ಪಂಜರ ಶಾಲೆ’ಯ ಮಾತೇ ಬೇರೆ. ರವೀಂದ್ರನಾಥ ಟ್ಯಾಗೋರರು 1918ರಲ್ಲಿ ಬರೆದ ಗಿಳಿಯ ಕಥೆ ಅದರ ಮೂಲ. ರಾಜ ತನ್ನ ಗಿಳಿಗೆ ವಿದ್ಯೆ ಕಲಿಸಲು ಹೇಳುತ್ತಾನೆ. ಪಂಡಿತರು ಚಿನ್ನದ ಪಂಜರ ಮಾಡಿಸಿ ಗಿಳಿಯ ಬಾಯಿಗೆ ಪುಸ್ತಕದ ಹಾಳೆ ತುರುಕುತ್ತಾರೆ. ಮುಂದಿನ ಸಾಲಿನಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿಗಳು, ಅವರ ಹಿಂದೆ ತಂದೆತಾಯಂದಿರು ಕೂತಿರುವಾಗ ಮಕ್ಕಳು ಇದನ್ನು ಆಡಿ ತೋರಿಸುವುದೆಂದರೆ ಅದು ನಿಜಕ್ಕೂ ದೊಡ್ಡವರಿಗೆ ಹೇಳುವ ಮಾತು. ಟ್ಯಾಗೋರರು ಶಾಂತಿನಿಕೇತನದ ಹುಡುಗರು ಆಡಲೆಂದೇ 1908ರಲ್ಲಿ ‘ಶಾರದೋತ್ಸವ’ ಬರೆದವರು. ಶಾಲೆಯ ಗೋಡೆಯೊಳಗಿಂದಲೇ ಶಾಲೆಯನ್ನು ಪ್ರಶ್ನಿಸುವ ಹಕ್ಕು ಅವರಿಗಿತ್ತು.

ಇವುಗಳ ಜೊತೆಗೆ ವಿಜ್ಞಾನ ನಾಟಕವೂ ಇದೆ. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ನಡೆಸುವ ಸ್ಪರ್ಧೆಗಾಗಿ ಶಾಲೆಗಳು ತಂಡ ಕಟ್ಟುತ್ತವೆ. ಮಾಕುಟ್ಟದ ಘಾಟಿ ಇಳಿದರೆ ಕೇರಳ. ಅಲ್ಲಿ 1957ರಿಂದ ನಡೆದುಬಂದ ಶಾಲಾ ಕಲೋತ್ಸವದಲ್ಲಿ ನಾಟಕಕ್ಕೂ ಅಂಕ, ಶ್ರೇಣಿ ಇವೆ. ಆ ಹುರುಪು ನೋಡಿ ನಮ್ಮಲ್ಲೂ ಬೇಕೆನ್ನಿಸುವುದು ಸಹಜ. ಆದರೂ ಗೆಲ್ಲುವ ಸೋಲುವ ಗೋಜಿಲ್ಲದ ಸ್ಕೂಲ್ ಡೇ ನಾಟಕದ ಕಡೆಗೇ ನನ್ನ ಮನಸ್ಸು ವಾಲುತ್ತದೆ. ಗೆಲ್ಲಬೇಕಾದ ತಂಡ ಕುಂಟು ಇಲಿಗಾಗಿ ಕಾಯುವುದಿಲ್ಲ.

ನವೆಂಬರ್ ಕಳೆಯುವಾಗ ತಾಲೀಮಿನ ವಾಸನೆ ಊರಿಗೂ ಹರಡುತ್ತದೆ. ಕೋಟೆಯ ಗೋಡೆಗೆ ಬೇಕಾದ ಗೋಣಿಚೀಲ ತೋಟದ ಮನೆಗಳಿಂದ ಬರುತ್ತದೆ, ಒಳಗೆ ಇನ್ನೂ ಕಾಫಿ ಹೊಟ್ಟಿನ ಘಮ ಇರುತ್ತದೆ. ಬಿದಿರು ಕಡಿದು ಕೊಡುವವರೊಬ್ಬರು, ಮೈದಾ ಅಂಟು ಕಾಯಿಸಿ ಕೊಡುವುದು ಬಿಸಿಯೂಟದ ಅಕ್ಕಂದಿರು. ಕಿರೀಟಕ್ಕೆ ರಟ್ಟು, ಬೇಗಡೆ. ಹಳೆ ವಿದ್ಯಾರ್ಥಿ ಸಂಘದವರು ಶಾಮಿಯಾನ, ಮೈಕ್‌ಸೆಟ್ಟಿನ ಖರ್ಚು ಹೊತ್ತರೆ ಪುಣ್ಯ. ಕೊಡವ ಯೋಧನ ಪಾತ್ರವಿದ್ದರೆ ಕುಪ್ಯದ ನಿಲುವಂಗಿ, ಚೇಲೆಯ ನಡುಪಟ್ಟಿ ಯಾರದೋ ಮನೆಯ ಪೆಟ್ಟಿಗೆಯಿಂದ ಹೊರಬರುತ್ತವೆ. ಪೀಚೆಕತ್ತಿ ಕೊಡಲು ಮಾತ್ರ ಮನೆಯವರು ಹಿಂದೆಮುಂದೆ ನೋಡುತ್ತಾರೆ. ತಲೆಮಾರಿನ ವಸ್ತು ಅದು. ಬಡಗಿ ಕೆತ್ತಿಕೊಟ್ಟ ಮರದ ಕತ್ತಿಗೆ ಬೆಳ್ಳಿಬಣ್ಣ ಬಳಿದರೆ ರಂಗದ ಮೇಲೆ ಅದೇ ಚೆನ್ನ. ಪಕ್ಕವಾದ್ಯಕ್ಕೆ ದುಡಿ ಬಾರಿಸಬಲ್ಲ ಅಜ್ಜನೊಬ್ಬ ಸಿಕ್ಕಿಬಿಟ್ಟರೆ ಹಾರ್ಮೋನಿಯಂ ಇಲ್ಲದ ಕೊರತೆ ಯಾರಿಗೂ ಕಾಣಿಸುವುದಿಲ್ಲ.

ಮಡಿಕೇರಿ ದಸರಾದ ದಶಮಂಟಪಗಳನ್ನು ನೋಡುತ್ತಾ ಬೆಳೆದ ಮಕ್ಕಳಿಗೆ ಹೊಗೆ, ಬಣ್ಣದ ಬೆಳಕು, ಸಿಡಿಲಿನ ಸದ್ದು ಎಲ್ಲವೂ ಬೇಕು. ವಿಜಯದಶಮಿಯ ಇರುಳೆಲ್ಲ ಸಾಗುವ ಆ ಮಂಟಪಗಳಲ್ಲಿ ರಕ್ಕಸನ ಕೈಯನ್ನು ಯಂತ್ರ ಎತ್ತುತ್ತದೆ. ಶಾಲೆಯ ರಕ್ಕಸ ತಾನೇ ಎತ್ತಬೇಕು, ಅದಕ್ಕೆ ಬೇಕಾದ ಸಿಟ್ಟು ಹೊಟ್ಟೆಯಿಂದ ಬರಬೇಕು. ಇದನ್ನು ಹದಿಮೂರರ ಹುಡುಗನಿಗೆ ತಿಳಿಸಿ ಹೇಳುವುದು ಸುಲಭವಲ್ಲ, ಮಾಡಿಸಿಯೇ ತೋರಿಸಬೇಕು. ಸದ್ದಿನ ವಿಷಯದಲ್ಲಿ ಇನ್ನೊಂದು ಎಚ್ಚರವೂ ಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದವು. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಮನೆ ಬಿಟ್ಟು ಪರಿಹಾರ ಕೇಂದ್ರದಲ್ಲಿ ಮಲಗಿದ ಮಕ್ಕಳು ಈ ಜಿಲ್ಲೆಯ ತರಗತಿಗಳಲ್ಲಿದ್ದಾರೆ. ಗುಡುಗಿಗೆಂದು ಪರದೆಯ ಹಿಂದೆ ತಗಡು ಬಡಿಯುವ ಮೊದಲು ಆ ಮಕ್ಕಳನ್ನು ಕರೆದು, ಸದ್ದು ಎಲ್ಲಿಂದ ಬರುತ್ತದೆಂದು ತೋರಿಸಿ, ತಗಡನ್ನು ಅವರ ಕೈಗೇ ಕೊಟ್ಟುಬಿಡುವುದು ಒಳ್ಳೆಯದು.

ಸಿದ್ದಾಪುರ, ಮಾಲ್ದಾರೆ, ತಿತಿಮತಿಯ ಕಡೆ ಸಂಜೆಯ ತಾಲೀಮು ಹೆಚ್ಚು ಹೊತ್ತು ನಡೆಸುವಂತಿಲ್ಲ. ಮಬ್ಬಾದರೆ ತೋಟದ ದಾರಿಯಲ್ಲಿ ಆನೆಯ ಭಯ. ರಾಜಸಭೆ ಅರ್ಧಕ್ಕೆ ನಿಲ್ಲುತ್ತದೆ, ಮಂತ್ರಿ ಬ್ಯಾಗ್ ಹೆಗಲಿಗೇರಿಸಿ ಜೀಪಿನ ಕಡೆ ಓಡುತ್ತಾನೆ. ಅಲ್ಲಿನ ಶಾಲೆಗಳಿಗೆ ವಾರ್ಷಿಕೋತ್ಸವವನ್ನು ಹಗಲಿನಲ್ಲೇ ಮುಗಿಸುವುದು ಕ್ಷೇಮ. ಬೆಳಕಿನ ಬೆಡಗು ಏನೂ ಇಲ್ಲದೆ, ಬಿಸಿಲಲ್ಲಿ ಬಣ್ಣ ಬೆವರಿ ಇಳಿಯುವ ಮುಖಗಳಲ್ಲಿ ನಡೆಯುವ ನಾಟಕಕ್ಕೆ ಬೇರೆಯೇ ಒಂದು ಕಳೆ ಇರುತ್ತದೆ.

ಪ್ರದರ್ಶನ ಹತ್ತಿರವಾದಾಗ ಎದುರಾಗುವ ದೊಡ್ಡ ತೊಡಕು ಮೈಕ್. ರಂಗದ ಮುಂದೆ ಎರಡು ಮೈಕ್ ನೇತುಬಿಟ್ಟರೆ ಎರಡು ತಿಂಗಳು ಕಲಿತದ್ದೆಲ್ಲ ಮರೆತು ಮಕ್ಕಳು ಅದರ ಕೆಳಗೆ ಸಾಲು ನಿಲ್ಲುತ್ತಾರೆ. ಮಗನ ಜೊತೆ ಜಗಳವಾಡಬೇಕಾದ ತಂದೆ ಮೈಕಿನ ಜೊತೆ ಜಗಳವಾಡುತ್ತಾನೆ. ಮೈಕನ್ನು ಮರೆಸಲು ಮೇಷ್ಟ್ರ ಬಳಿ ಒಂದು ಉಪಾಯವಿದೆ. ಸಭಾಂಗಣದ ಕಟ್ಟಕಡೆಯ ಬೆಂಚಿನಲ್ಲಿ ಒಂದು ಮಗುವನ್ನು ಕೂರಿಸುತ್ತಾರೆ. ಮಾತು ಕೇಳಿಸದಿದ್ದರೆ ಆ ಮಗು ಕೈ ಎತ್ತಬೇಕು, ಕೈ ಮೇಲಿದ್ದಷ್ಟು ಹೊತ್ತು ರಂಗದ ಮೇಲಿದ್ದವರು ಅದೇ ಮಾತನ್ನು ಮತ್ತೆ ಮತ್ತೆ ಆಡಬೇಕು. ಕೊನೆಯ ಬೆಂಚಿನಲ್ಲಿ ಕೂರುವ ಸರದಿ ಎಲ್ಲರಿಗೂ ಬರುತ್ತದೆ. ಒಂದು ವಾರ ಹೀಗೆ ನಡೆದರೆ ಮೊದಲು ತುಟಿಯೊಳಗೇ ಉಳಿಯುತ್ತಿದ್ದ ಮಾತು ಕೊನೆಯ ಗೋಡೆಗೆ ಹೋಗಿ ಮುಟ್ಟುತ್ತದೆ. ಅಕಾಲದ ಒಂದು ಮಳೆ ಬಂದು ಶೀಟಿನ ಮೇಲೆ ಸುರಿದರೂ ಆಗ ಯಾರೂ ತಾಲೀಮು ನಿಲ್ಲಿಸುವುದಿಲ್ಲ.

ನಾಟಕದ ಮಾರನೆಯ ದಿನ ಶಾಲೆಗೆ ಹೋಗಿ ನೋಡಬೇಕು. ಹುಬ್ಬಿನ ಕಾಡಿಗೆ ಪೂರ್ತಿ ಅಳಿಸದೆ ಬಂದ ಮಕ್ಕಳು ರಂಗ ಬಿಚ್ಚುತ್ತಿರುತ್ತಾರೆ. ಕುಪ್ಯವನ್ನು ಮಡಿಸಿ ಅದರ ಮನೆಯವರಿಗೆ ತಲುಪಿಸಬೇಕು, ಬಿದಿರನ್ನು ಕಟ್ಟು ಕಟ್ಟಿ ಶಾಲೆಯ ಹಿಂದೆ ಇಡಬೇಕು. ರೋಬಸ್ಟಾ ಕೊಯ್ಲು ಜೋರಾಗುವ ಕಾಲ, ಗೋಣಿಚೀಲಗಳಿಗೆ ತೋಟದಿಂದ ಆಗಲೇ ಕರೆ ಬಂದಿರುತ್ತದೆ. ಕಲ್ಲಿನ ಗೆರೆ, ಕಿಂಡಿ, ಬಾಗಿಲು ಬಿಡಿಸಿದ ಆ ಚೀಲಗಳನ್ನು ಮಕ್ಕಳು ಎಣಿಸಿ ಜೀಪಿಗೆ ಹಾಕುತ್ತಾರೆ. ಸಂಜೆಯ ಹೊತ್ತಿಗೆ ಕೋಟೆಯ ಗೋಡೆಯೊಳಗೆ ಕಾಫಿ ಹಣ್ಣು ತುಂಬಿಕೊಂಡು ಕಣದ ಕಡೆ ಸಾಗುತ್ತಿರುತ್ತದೆ.