ಹುಲ್ಲುಹಾಸಿನಡಿಯ ಚಿಲ್ಲರೆ ಕಾಸು

ಉದ್ಯಾನಕ್ಕೆ ಬಂದವರು ಗಾಳಿ ಸೇವಿಸಿ ಮನೆಗೆ ಹೋಗುತ್ತಾರೆ. ಹೋಗುವಾಗ ತಮಗೇ ಗೊತ್ತಿಲ್ಲದಂತೆ ಏನಾದರೂ ಬಿಟ್ಟು ಹೋಗುವುದೂ ಉಂಟು. ಹುಲ್ಲಿನ ಮೇಲೆ ಅಡ್ಡಾದವರ ಜೇಬಿನಿಂದ ಜಾರಿದ ನಾಣ್ಯ, ಚೆಂಡಿನ ಹಿಂದೆ ಓಡಿದ ಹುಡುಗನ ಕೋಟಿನ ಗುಂಡಿ, ಚಳಿಗೆ ಸಡಿಲವಾದ ಬೆರಳಿನಿಂದ ಕಳಚಿದ ಉಂಗುರ. ಎಲೆ ಕೊಳೆತು ಮಣ್ಣಾಗುತ್ತದೆ, ಎರೆಹುಳುಗಳು ಕೆಳಗಿನ ಮಣ್ಣನ್ನು ಮೇಲೆ ತಂದು ಹಾಕುತ್ತವೆ. ಬಿದ್ದ ವಸ್ತು ನಿಧಾನವಾಗಿ ಕೆಳಗಿಳಿಯುತ್ತದೆ. ಚಾರ್ಲ್ಸ್ ಡಾರ್ವಿನ್ 1881ರಲ್ಲಿ ಎರೆಹುಳುಗಳ ಬಗ್ಗೆ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನೇ ವಿವರಿಸಿದ್ದರು.

ಬ್ರಿಟನ್ನಿನಲ್ಲಿ ಸಾರ್ವಜನಿಕ ಉದ್ಯಾನಗಳಿಗೆ ಒಂದೂವರೆ ಶತಮಾನಕ್ಕೂ ಮೀರಿದ ಇತಿಹಾಸವಿದೆ. ಡರ್ಬಿ ನಗರದ ಅರ್ಬೊರೇಟಂ 1840ರಲ್ಲಿ, ಬರ್ಕನ್‌ಹೆಡ್ ಪಾರ್ಕ್ 1847ರಲ್ಲಿ ಜನರಿಗೆ ತೆರೆದವು. ಅಂದಿನಿಂದ ಇಂದಿನವರೆಗೆ ಬಿದ್ದುಹೋದ ಚಿಲ್ಲರೆ ಎಷ್ಟಿರಬಹುದು! ಅದನ್ನು ಹುಡುಕುವುದೇ ಅಲ್ಲಿ ಸಾವಿರಾರು ಜನರ ಹವ್ಯಾಸ. ಅವರ ಆಯುಧ ಲೋಹಶೋಧಕ, ಅಂದರೆ ಮೆಟಲ್ ಡಿಟೆಕ್ಟರ್.

ಯಂತ್ರ ಹೇಳುವುದೇನು?

ಉದ್ದನೆಯ ಕೋಲಿನ ತುದಿಯಲ್ಲಿ ತಟ್ಟೆಯಂಥ ಸುರುಳಿ. ಅದರಲ್ಲಿ ದಿಕ್ಕು ಬದಲಿಸುತ್ತ ಹರಿಯುವ ವಿದ್ಯುತ್ತು ಸುತ್ತಲೂ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ನೆಲದಡಿ ಲೋಹವಿದ್ದರೆ ಅದರೊಳಗೂ ಸಣ್ಣ ಸುಳಿ ವಿದ್ಯುತ್ತು ಹುಟ್ಟುತ್ತದೆ. ಈ ಸುಳಿಯ ಕಾಂತಕ್ಷೇತ್ರವನ್ನು ಯಂತ್ರ ಗುರುತಿಸಿ ಕಿವಿಗೆ ಶಬ್ದವಾಗಿ ಕೇಳಿಸುತ್ತದೆ. ಪ್ರೌಢಶಾಲೆಯಲ್ಲಿ ಕಲಿಯುವ ವಿದ್ಯುತ್ಕಾಂತೀಯ ಪ್ರೇರಣೆಯ ಪಾಠವೇ ಇದು.

ಆದರೆ ಯಂತ್ರಕ್ಕೆ ಕಣ್ಣಿಲ್ಲ. ತಂಪು ಪಾನೀಯದ ಡಬ್ಬಿಯಿಂದ ಕಿತ್ತೆಸೆದ ಅಲ್ಯೂಮಿನಿಯಂ ಉಂಗುರ, ಚಿನ್ನದ ಉಂಗುರ ಎರಡೂ ಹೆಚ್ಚುಕಡಿಮೆ ಒಂದೇ ದನಿಯಲ್ಲಿ ಕೂಗಬಲ್ಲವು. ಒಂದು ನಾಣ್ಯ ಸಿಗುವ ಮುನ್ನ ಹತ್ತಾರು ಮುಚ್ಚಳಗಳನ್ನು ಅಗೆದು ತೆಗೆಯುವ ತಾಳ್ಮೆ ಬೇಕು.

ಮೊದಲ ಹೆಜ್ಜೆ ಅನುಮತಿ

ಉದ್ಯಾನ ಸಾರ್ವಜನಿಕ ಎಂದಮಾತ್ರಕ್ಕೆ ಅದರ ನೆಲ ಎಲ್ಲರಿಗೂ ಸೇರಿದ್ದಲ್ಲ. ಹೆಚ್ಚಿನ ಉದ್ಯಾನಗಳು ಸ್ಥಳೀಯ ಕೌನ್ಸಿಲ್‌ಗಳ ಸ್ವತ್ತು. ಅಲ್ಲಿ ಅನುಮತಿ ಕೇಳಬೇಕು. ಬೇಡವೆಂದರೆ ಸುಮ್ಮನೆ ಹಿಂದಿರುಗಬೇಕು. ಲಂಡನ್ನಿನ ಹೈಡ್ ಪಾರ್ಕ್‌ನಂಥ ರಾಯಲ್ ಪಾರ್ಕ್‌ಗಳಲ್ಲಿ ಲೋಹಶೋಧನೆಗೆ ಅವಕಾಶವಿಲ್ಲ. ಸಂರಕ್ಷಿತ ಪ್ರಾಚೀನ ಸ್ಥಳಗಳಲ್ಲಿ ಅನುಮತಿಯಿಲ್ಲದೆ ಯಂತ್ರ ಬಳಸುವುದು 1979ರ ಕಾನೂನಿನ ಪ್ರಕಾರ ಅಪರಾಧ.

ಎಲ್ಲಿಂದ ಆರಂಭ?

ಅನುಭವಿಗಳು ಉದ್ಯಾನಕ್ಕೆ ಮುನ್ನ ಗ್ರಂಥಾಲಯಕ್ಕೆ ಹೋಗುತ್ತಾರೆ. ಹಳೆಯ ಸರ್ವೇ ನಕ್ಷೆ, ಹಳೆಯ ಚಿತ್ರದ ಅಂಚೆ ಕಾರ್ಡು ನೋಡಿದರೆ ಈಗ ಇಲ್ಲದ ಕಾಲುದಾರಿ, ಬ್ಯಾಂಡ್ ನುಡಿಸುತ್ತಿದ್ದ ಕಟ್ಟೆ, ಮುಚ್ಚಿಹೋದ ಹಳೆಯ ಪ್ರವೇಶದ್ವಾರ ಎಲ್ಲಿದ್ದವೆಂದು ತಿಳಿಯುತ್ತದೆ. ಸೂತ್ರ ಸರಳ: ಜನ ಎಲ್ಲಿ ಕುಳಿತರೋ, ನಿಂತರೋ, ಬಿದ್ದರೋ ಅಲ್ಲಿ ಹುಡುಕಬೇಕು. ವಾದ್ಯಗೋಷ್ಠಿಯ ಕಟ್ಟೆಯ ಸುತ್ತ, ಮುದಿ ಮರಗಳ ನೆರಳಿನಲ್ಲಿ, ಬೆಂಚುಗಳಿದ್ದ ಜಾಗದಲ್ಲಿ, ಆಟದ ಬಯಲಿನ ಅಂಚಿನಲ್ಲಿ, ಮಕ್ಕಳು ಹಿಮದ ಮೇಲೆ ಜಾರುತ್ತಿದ್ದ ಇಳಿಜಾರಿನ ಬುಡದಲ್ಲಿ.

ಇಡೀ ಉದ್ಯಾನ ಸುತ್ತುವ ಬದಲು ಸಣ್ಣ ತುಂಡು ನೆಲವನ್ನು ಆರಿಸಿಕೊಂಡು, ಹೊಲ ಉತ್ತ ಹಾಗೆ ಸಾಲು ಬಿಡದೆ ನಿಧಾನವಾಗಿ ಶೋಧಿಸುವುದು ಜಾಣತನ. ಬೇಲಿಯ ಸಾಲನ್ನು ಬಿಡುವುದು ಲೇಸು. ಎರಡನೇ ಮಹಾಯುದ್ಧದಲ್ಲಿ ಸರ್ಕಾರ ಉದ್ಯಾನಗಳ ಕಬ್ಬಿಣದ ಕಂಬಿಗಳನ್ನು ಕತ್ತರಿಸಿ ಒಯ್ದಿತು. ಉಳಿದ ಮೋಟುಗಳಿಂದ ಯಂತ್ರ ಅರಚುತ್ತಲೇ ಇರುತ್ತದೆ. ಅದೇ ಕಾಲದಲ್ಲಿ ಎಷ್ಟೋ ಹುಲ್ಲುಹಾಸುಗಳನ್ನು ಅಗೆದು ತರಕಾರಿ ಬೆಳೆದರು. ಅಲ್ಲಿ ಹಳತು ಹೊಸತು ಕಲಸಿಹೋಗಿವೆ.

ಸಿಕ್ಕ ನಾಣ್ಯ ಇತಿಹಾಸದ ಪಾಠ ಹೇಳುತ್ತದೆ. ಬ್ರಿಟನ್ನಿನ ಬೆಳ್ಳಿ ನಾಣ್ಯದಲ್ಲಿ 1919ರವರೆಗೆ ಶೇ 92.5 ಬೆಳ್ಳಿಯಿತ್ತು. 1920ರಿಂದ ಅದು ಅರ್ಧಕ್ಕಿಳಿಯಿತು. 1947ರಿಂದ ತಾಮ್ರ-ನಿಕ್ಕಲ್ ಮಾತ್ರ. ಎರಡು ಮಹಾಯುದ್ಧಗಳ ಖರ್ಚು ಹೀಗೆ ಅಂಗೈ ಮೇಲೆ ಕಾಣಿಸುತ್ತದೆ.

ಅಗೆಯುವುದಕ್ಕೂ ಶಿಸ್ತಿದೆ. ಹುಲ್ಲನ್ನು ಮೂರು ಬದಿ ಮಾತ್ರ ಕತ್ತರಿಸಿ ಪುಸ್ತಕದ ಹಾಳೆಯಂತೆ ಮಗುಚಬೇಕು. ತೆಗೆದ ಮಣ್ಣನ್ನು ಬಟ್ಟೆಯ ಮೇಲೆ ಸುರಿದು, ಕೆಲಸವಾದ ಮೇಲೆ ಮರಳಿ ತುಂಬಿ, ಹುಲ್ಲನ್ನು ಮುಚ್ಚಿ ತುಳಿಯಬೇಕು. ಬಿರುಬೇಸಿಗೆಯಲ್ಲಿ ಅಗೆದರೆ ಹುಲ್ಲು ಸಾಯುತ್ತದೆ. ಸಿಕ್ಕ ಕಸವನ್ನು ಹೊತ್ತು ಒಯ್ಯಬೇಕು. ಯುದ್ಧಕಾಲದ ಗುಂಡು, ಬಾಂಬಿನಂಥದ್ದು ಕಂಡರೆ ಮುಟ್ಟದೆ ದೂರ ಸರಿದು ಪೊಲೀಸರಿಗೆ ತಿಳಿಸಬೇಕು.

ಎರಡು ದಾರಿಗಳು

ನಿಜವಾದ ಪರೀಕ್ಷೆ ದೊಡ್ಡದೇನೋ ಸಿಕ್ಕ ಗಳಿಗೆಯಲ್ಲಿ. 1992ರ ನವೆಂಬರ್‌ನಲ್ಲಿ ಸಫೋಕ್ ಪ್ರಾಂತದ ಹಾಕ್ಸನ್ ಹಳ್ಳಿಯಲ್ಲಿ ಎರಿಕ್ ಲಾಸ್ ಎಂಬುವರು ರೈತ ಸ್ನೇಹಿತನ ಕಳೆದುಹೋದ ಸುತ್ತಿಗೆ ಹುಡುಕಲು ಹೊಲಕ್ಕಿಳಿದರು. ಸಿಕ್ಕಿದ್ದು ರೋಮನ್ ಕಾಲದ ಚಿನ್ನ, ಬೆಳ್ಳಿ! ಕೆಲವನ್ನಷ್ಟೇ ಮೇಲೆತ್ತಿ ಅವರು ಅಗೆಯುವುದನ್ನು ನಿಲ್ಲಿಸಿ ಅಧಿಕಾರಿಗಳಿಗೆ ತಿಳಿಸಿದರು. ಪುರಾತತ್ವಜ್ಞರು ಬಂದು ಪದರ ಪದರವಾಗಿ ಬಿಡಿಸಿದರು. 14,865 ನಾಣ್ಯಗಳ ಜೊತೆಗೆ, ಅವನ್ನು ಇಟ್ಟಿದ್ದ ಮರದ ಪೆಟ್ಟಿಗೆ ಹೇಗಿತ್ತು, ಒಳಗೆ ಯಾವುದನ್ನು ಎಲ್ಲಿ ಜೋಡಿಸಿದ್ದರು ಎಂಬುದೂ ತಿಳಿಯಿತು. ಲಾಸ್ ಅವರಿಗೆ ದೊರೆತ ಬಹುಮಾನ 17.5 ಲಕ್ಷ ಪೌಂಡ್. ಅದನ್ನು ಅವರು ರೈತನೊಂದಿಗೆ ಹಂಚಿಕೊಂಡರು. ಸುತ್ತಿಗೆಯೂ ಸಿಕ್ಕಿತು. ಈಗ ಅದೂ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

2015ರಲ್ಲಿ ಹೆರಿಫರ್ಡ್‌ಶೈರ್‌ನಲ್ಲಿ ಇಬ್ಬರಿಗೆ ವೈಕಿಂಗ್ ಕಾಲದ ನಿಧಿ ಸಿಕ್ಕಿತು. ಅವರು ಬಚ್ಚಿಟ್ಟು ಮಾರಿದರು. ಸುಮಾರು 300 ನಾಣ್ಯಗಳಲ್ಲಿ ಮೂವತ್ತರಷ್ಟು ಮಾತ್ರ ಪತ್ತೆಯಾದವು. ಇಬ್ಬರಿಗೂ 2019ರಲ್ಲಿ ಜೈಲುಶಿಕ್ಷೆಯಾಯಿತು. ಕಾನೂನಿನಂತೆ ತಿಳಿಸಿದ್ದರೆ ಬಹುಮಾನ ದೊರೆಯಬಹುದಿತ್ತು. ಅದಕ್ಕಿಂತ ದೊಡ್ಡ ನಷ್ಟ ಇತಿಹಾಸದ್ದು: ಚದುರಿದ ನಾಣ್ಯಗಳು ಹೇಳಬೇಕಿದ್ದ ಕಥೆ ಅರ್ಧಕ್ಕೇ ನಿಂತಿತು.

1996ರ ನಿಧಿ ಕಾಯ್ದೆಯಂತೆ ಅಲ್ಲಿ ನಿಧಿ ಸಿಕ್ಕರೆ 14 ದಿನಗಳೊಳಗೆ ತಿಳಿಸಬೇಕು. ಸಣ್ಣಪುಟ್ಟ ವಸ್ತುಗಳನ್ನು ದಾಖಲಿಸಲು 1997ರಲ್ಲಿ ಆರಂಭವಾದ ಯೋಜನೆಯಲ್ಲಿ 15 ಲಕ್ಷಕ್ಕೂ ಹೆಚ್ಚು ವಸ್ತುಗಳು ನಮೂದಾಗಿವೆ.

ನಮ್ಮಲ್ಲಿ?

ಇದನ್ನು ಓದಿ ಯಂತ್ರ ಕೊಂಡು ಹಂಪೆಗೋ ಊರ ಕೋಟೆಗೋ ಹೊರಡುವಂತಿಲ್ಲ. ಸಂರಕ್ಷಿತ ಸ್ಮಾರಕಗಳಲ್ಲಿ ಪರವಾನಗಿಯಿಲ್ಲದೆ ಅಗೆಯುವುದು ಅಪರಾಧ. ನೆಲದಲ್ಲಿ ಸಿಕ್ಕ ನಿಧಿಯ ವಿಷಯ ಜಿಲ್ಲಾಡಳಿತಕ್ಕೆ ತಿಳಿಸಬೇಕೆಂಬ ಕಾಯ್ದೆ 1878ರಿಂದಲೇ ಇದೆ; ಅದರಲ್ಲಿ ಹೇಳಿದ ಮೌಲ್ಯದ ಮಿತಿ ಬರೀ ಹತ್ತು ರೂಪಾಯಿ. ಮನೆಯ ಪಾಯ ತೋಡುವಾಗಲೋ ಹೊಲ ಉಳುವಾಗಲೋ ಏನಾದರೂ ಕಂಡರೆ ಅಲ್ಲಿಗೇ ನಿಲ್ಲಿಸಿ, ತೊಳೆಯದೆ, ಉಜ್ಜದೆ, ತಹಸೀಲ್ದಾರರಿಗಾಗಲಿ ಪುರಾತತ್ವ ಇಲಾಖೆಗಾಗಲಿ ತಿಳಿಸುವುದೇ ಸರಿಯಾದ ದಾರಿ.

ಆದರೆ ಹುಡುಕಾಟದ ಮೊದಲ ಭಾಗಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ರಜೆಯಲ್ಲಿ ಮಕ್ಕಳು ಅಜ್ಜ ಅಜ್ಜಿಯರನ್ನು ಕೇಳಲಿ: ಸಂತೆ ಎಲ್ಲಿ ಸೇರುತ್ತಿತ್ತು? ತೇರು ಎಲ್ಲಿ ನಿಲ್ಲುತ್ತಿತ್ತು? ನಾಟಕದ ಡೇರೆ ಎಲ್ಲಿ ಹಾಕುತ್ತಿದ್ದರು? ಅದನ್ನೆಲ್ಲ ಒಂದು ಹಾಳೆಯ ಮೇಲೆ ಗುರುತಿಸಲಿ. ಗುದ್ದಲಿಯಿಲ್ಲದೆಯೇ ಊರಿನ ಹಳೆಯ ನಕ್ಷೆ ಮೇಲೆದ್ದು ಬರುತ್ತದೆ.