ಚಿರತೆ ಹೊಕ್ಕ ಮೈದಾನ, ಚೆಂಡು ಹಾರಿಸೋ ಗುಟ್ಟು!

ಬೆಳಗಾವಿಯಲ್ಲಿ ಒಂದು ಗಾಲ್ಫ್ ಮೈದಾನ ಇದೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತಾದದ್ದು ಯಾರಿಂದ ಹೇಳ್ರಿ? ಆಟಗಾರರಿಂದಲ್ಲ, ಸಾಹೇಬರಿಂದಲ್ಲ. ಒಂದು ಚಿರತೆಯಿಂದ!

2022ರ ಆಗಸ್ಟ್ ತಿಂಗಳು. ಜಾಧವ ನಗರದಲ್ಲಿ ಕಟ್ಟಡ ಕೆಲಸದವನೊಬ್ಬನ ಮೇಲೆ ಎರಗಿದ ಚಿರತೆ, ಗಾಲ್ಫ್ ಮೈದಾನದ ಪೊದೆಗಳಲ್ಲಿ ಮಾಯವಾಯಿತು. ಸುತ್ತಲಿನ 22 ಶಾಲೆಗಳಿಗೆ ರಜೆ. ಬೋನು ಬಂತು, ಕ್ಯಾಮೆರಾ ಬಂತು, ಶಿವಮೊಗ್ಗದ ಸಕ್ರೆಬೈಲಿನಿಂದ ಆನೆಗಳೂ ಬಂದವು. ಟಿಕೆಟ್ಟಿಲ್ಲದ ಸಿನಿಮಾ! ಆದರೆ ಹೀರೋ ಮಾತ್ರ ಯಾರ ಕೈಗೂ ಸಿಗಲಿಲ್ಲ.

ಚಿರತೆ ಗೇಟಿನಲ್ಲಿ ಯಾರನ್ನೂ ಕೇಳದೆ ಒಳಗೆ ಹೋಯಿತು. ನಮ್ಮ ಹುಡುಗರು ಇನ್ನೂ ಹೊರಗೇ ನಿಂತಿದ್ದಾರೆ. "ಅದು ಶ್ರೀಮಂತರ ಆಟ ಬಿಡ್ರೀ, ನಮಗ್ಯಾಕ?" ಅಂತಾರೆ. ಅವರ ತಪ್ಪೇನಿಲ್ಲ. ಸಿನಿಮಾ ತೋರಿಸಿದ್ದೇ ಹಾಗೆ. ನಾಯಕಿಯ ಅಪ್ಪ ಕೋಟ್ಯಧೀಶ ಅಂತ ತೋರಿಸಬೇಕಾದರೆ ಕೈಗೊಂದು ಗಾಲ್ಫ್ ಕೋಲು ಕೊಟ್ಟರಾಯಿತು, ಡೈಲಾಗೇ ಬೇಡ!

ಆದರೆ ಓದುಗ ಮಿತ್ರರೇ, ಚೆಂಡಿಗೆ ಅಪ್ಪನ ಆಸ್ತಿ ಗೊತ್ತಾಗೋದಿಲ್ಲ. ಅದಕ್ಕೆ ಗೊತ್ತಾಗೋದು ಪೆಟ್ಟು ಮಾತ್ರ. ಆ ಪೆಟ್ಟಿನ ಗುಟ್ಟು ಆಟೋ ನಗರದ ಗ್ಯಾರೇಜಿನ ಹುಡುಗನಿಗೆ ಆಗಲೇ ಅರ್ಧ ಗೊತ್ತು!

ಮೂರನೆಯ ಡ್ರೈವ್

ಆಟೋ ನಗರದಲ್ಲಿ 'ಡ್ರೈವ್' ಅಂದರೆ ಎರಡು ಅರ್ಥ. ಒಂದು, ಲಾರಿ ಓಡಿಸೋದು. ಇನ್ನೊಂದು, ಅಲ್ಲಿಯ ಕೆಎಸ್‌ಸಿಎ ಸ್ಟೇಡಿಯಂನಲ್ಲಿ ಬ್ಯಾಟು ಬೀಸೋದು. 2019ರಲ್ಲಿ ಶ್ರೀಲಂಕಾ 'ಎ' ತಂಡದ ವಿರುದ್ಧ ಋತುರಾಜ್ ಗಾಯಕವಾಡ್ ಔಟಾಗದೆ 187 ರನ್ ಬಾರಿಸಿದ್ದು ಇದೇ ಸ್ಟೇಡಿಯಂನಲ್ಲಿ.

ಮೂರನೆಯದು ಗಾಲ್ಫಿನ ಡ್ರೈವ್. 'ಟೀ' ಎಂಬ ಪುಟ್ಟ ಗೂಟದ ಮೇಲೆ ಚೆಂಡಿಟ್ಟು, ಉದ್ದನೆಯ ಕೋಲಿನಿಂದ ಬೀಸುವ ಮೊದಲ ಹೊಡೆತ. ಚೆಂಡಿನ ತೂಕ ಹೆಚ್ಚೆಂದರೆ 45.93 ಗ್ರಾಂ. ಒಂದು ಕೋಳಿಮೊಟ್ಟೆಯಷ್ಟೂ ಇಲ್ಲ! ಕೋಲು ಚೆಂಡಿಗೆ ತಾಗಿರುವುದು ಒಂದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲೊಂದು ಭಾಗ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮು ಓಡುತ್ತೆ ಅಲ್ಲವೇ? ಅದರಲ್ಲಿ ಒಂದೇ ಒಂದು ಫ್ರೇಮಿನ ಹೊತ್ತಿನಲ್ಲಿ ಇಂಥ 80 ಪೆಟ್ಟು ಮುಗಿದುಹೋಗಬಹುದು.

ಅಂದರೆ ತಾಗಿದ ಮೇಲೆ ನೀವು ಎಷ್ಟು ಜೋರು ಹಾಕಿದರೂ ಉಪಯೋಗವಿಲ್ಲ. ಎಲ್ಲ ತೀರ್ಮಾನ ಅದಕ್ಕೂ ಮೊದಲೇ ಆಗಿರುತ್ತೆ.

ಘಣ ಬೀಸುವವನನ್ನು ನೋಡಿ

ಗ್ಯಾರೇಜಿನಲ್ಲಿ ತುಕ್ಕು ಹಿಡಿದು ಜಾಮ್ ಆದ ಪಿನ್ನಿಗೆ ಘಣ ಬೀಸುವವನನ್ನು ಗಮನಿಸಿ. ಹೊಸ ಹುಡುಗ ತೋಳಿನಿಂದ ಬಡಿಯುತ್ತಾನೆ. ಹತ್ತು ಪೆಟ್ಟಿಗೆ ಬೆವರು, ಪಿನ್ನು ಅಲ್ಲೇ. ಪಳಗಿದ ಮೇಸ್ತ್ರಿಯದು ಒಣಕಲು ಮೈ. ಆದರೆ ಅವನು ಕಾಲು ಊರಿ, ಸೊಂಟ ತಿರುಗಿಸಿ, ತೋಳು ಸಡಿಲ ಬಿಟ್ಟು, ಕಟ್ಟಕಡೆಗೆ ಮಣಿಕಟ್ಟು ಬಿಡುತ್ತಾನೆ. ಮೂರೇ ಪೆಟ್ಟು, ಪಿನ್ನು ಹೊರಗೆ!

ಗಾಲ್ಫ್ ಸ್ವಿಂಗಿನ ಸಾರವೂ ಇಷ್ಟೇ. ಕಾಲು, ಸೊಂಟ, ಭುಜ, ತೋಳು, ಮಣಿಕಟ್ಟು. ಈ ಸಾಲು ತಪ್ಪಬಾರದು. ಸಾಲು ಸರಿಯಿದ್ದರೆ ಶಕ್ತಿ ಒಂದರಿಂದ ಇನ್ನೊಂದಕ್ಕೆ ಏರುತ್ತಾ ಕೋಲಿನ ತುದಿಗೆ ಬರುತ್ತೆ. ಮೊದಲೇ ಕೈ ಓಡಿದರೆ ಇಂಟರ್‌ವಲ್ಲಿಗೇ ಕ್ಲೈಮ್ಯಾಕ್ಸ್ ಮುಗಿದ ಹಾಗೆ!

ಹೀಗೆ ಮಾಡಿ

(ಬಲಗೈಯವರಿಗೆ ಬರೆದದ್ದು. ಎಡಚರು ತಿರುಗಿಸಿ ಓದಿಕೊಳ್ಳಿ.)

ನಿಲುವು: ಕಾಲುಗಳ ನಡುವೆ ಭುಜದಷ್ಟು ಅಗಲ, ಬೇಕಾದರೆ ಚೂರು ಹೆಚ್ಚು. ಚೆಂಡು ಎಡ ಹಿಮ್ಮಡಿಗೆ ನೇರವಾಗಿರಲಿ. ಡ್ರೈವರ್ ಕೋಲನ್ನು ನೆಲಕ್ಕಿಟ್ಟಾಗ ಅದರ ತಲೆಯ ಮೇಲೆ ಅರ್ಧ ಚೆಂಡು ಕಾಣುವಷ್ಟು ಎತ್ತರಕ್ಕೆ ಟೀ ಚುಚ್ಚಿ. ಬಲ ಭುಜ ಎಡ ಭುಜಕ್ಕಿಂತ ಸ್ವಲ್ಪ ಕೆಳಗಿರಲಿ. ಡ್ರೈವರ್ ಚೆಂಡಿಗೆ ತಾಗಬೇಕಾದದ್ದು ಮೇಲಕ್ಕೆ ಏರುವಾಗ, ಕೆಳಗಿಳಿಯುವಾಗ ಅಲ್ಲ.

ಹಿಡಿತ: ಅಂಗೈಗಿಂತ ಬೆರಳುಗಳಲ್ಲಿ ಹಿಡಿಯಿರಿ. ರಶ್ಶಿರುವ ಬಸ್ಸಿನ ಕಂಬಿ ಹಿಡಿದ ಹಾಗೆ ಬಿಗಿ ಹಿಡಿದರೆ ಮಣಿಕಟ್ಟು ಸತ್ತುಹೋಗುತ್ತೆ. ಕೋಲು ಜಾರಬಾರದು, ಅಷ್ಟೇ.

ಹಿಂದಕ್ಕೆ: ಅವಸರ ಬೇಡ. ಬರೀ ಕೈ ಎತ್ತುವುದಲ್ಲ, ಬೆನ್ನು ಗುರಿಯ ಕಡೆಗೆ ಬರುವಷ್ಟು ಭುಜ ತಿರುಗಬೇಕು. ಸೊಂಟ ಅದರ ಅರ್ಧದಷ್ಟು ತಿರುಗಿದರೆ ಸಾಕು. ಭಾರ ಬಲಗಾಲಿಗೆ.

ಮುಂದಕ್ಕೆ: ಇಲ್ಲೇ ಇದೆ ಮಜಾ. ಮೊದಲು ಎಡಗಾಲು ಊರಿ, ಸೊಂಟ ತಿರುಗಲಿ. ಕೈಗಳು ತಾವಾಗಿ ಇಳಿದು ಬರುತ್ತವೆ. ಹೊಡೆದ ಮೇಲೆ ಬೆಲ್ಟಿನ ಬಕಲ್ ಗುರಿಯ ಕಡೆ ನೋಡುತ್ತಿರಬೇಕು, ಭಾರವೆಲ್ಲ ಎಡಗಾಲ ಮೇಲಿರಬೇಕು. ಹಾಗೆ ಮೂರು ಎಣಿಸುವ ತನಕ ಅಲುಗಾಡದೆ ನಿಂತಿರೋ, ಸ್ವಿಂಗು ಪಾಸು. ತೂರಾಡಿದಿರೋ, ಫೇಲು!

ಚೆಂಡು ಬಲಕ್ಕೆ ಓಡುತ್ತಾ?

ಹೊಸಬರ ಚೆಂಡು ನೆಟ್ಟಗೆ ಹೊರಟು ಕುಡಗೋಲಿನಂತೆ ಬಲಕ್ಕೆ ಬಾಗುತ್ತೆ. ಇದಕ್ಕೆ 'ಸ್ಲೈಸ್' ಅಂತ ಹೆಸರು. ಬಹಳ ಸಲ ಕಾರಣ ಒಂದೇ, ಜೋರಾಗಿ ಹೊಡೆಯೋ ಆಸೆಗೆ ಬಲ ಭುಜ ಮೊದಲು ನುಗ್ಗುತ್ತೆ. ಕೋಲು ಹೊರಗಿನಿಂದ ಒಳಕ್ಕೆ ಕೊಯ್ಯುತ್ತೆ, ಅದರ ಮುಖ ಬಲಕ್ಕೆ ತೆರೆದುಕೊಂಡಿರುತ್ತೆ. ಕ್ರಿಕೆಟ್ಟಿನಲ್ಲಿ ಅಡ್ಡ ಬ್ಯಾಟು ಬೀಸಿ ರೂಢಿಯಾದವರಿಗೆ ಈ ಕಾಟ ಜಾಸ್ತಿ.

ಮದ್ದು ಪುಕ್ಕಟೆ. ಒಂದು ಹಗುರವಾದ ಬಿದಿರು ಕೋಲು ತಗೊಂಡು, ಹಿಂದೆ ಮುಂದೆ ಯಾರೂ ಇಲ್ಲ ಅಂತ ನೋಡಿಕೊಂಡು ಬೀಸಿ. 'ಸುಂಯ್' ಅಂತ ಸದ್ದು ಎಲ್ಲಿ ಬಂತು? ಬಲ ಭುಜದ ಹತ್ತಿರ ಬಂದರೆ ಶಕ್ತಿ ಅಲ್ಲೇ ಖರ್ಚಾಯಿತು. ಚೆಂಡಿರುವ ಜಾಗ ದಾಟುವಾಗ ಬಂದರೆ ಭಲೇ! ಎರಡು ಪಾದ ಜೋಡಿಸಿ ನಿಂತು ಅರ್ಧ ಬೀಸುವುದೂ ಒಳ್ಳೆಯ ಅಭ್ಯಾಸ. ಅತಿ ಜೋರು ಹಾಕಿದವನು ತಕ್ಷಣ ಮುಗ್ಗರಿಸುತ್ತಾನೆ.

ಚೀಲ ಹೊತ್ತವನು ಗೆದ್ದ

"ಇದೆಲ್ಲ ಸರಿ, ನಮ್ಮಂಥವರಿಗೆ ಆಗುತ್ತಾ?" ಅನ್ನುವವರಿಗೆ ಎರಡು ಹೆಸರು.

ಸಿ. ಮುನಿಯಪ್ಪ. ಬೆಂಗಳೂರಿನಲ್ಲಿ ಸಾಹೇಬರ ಗಾಲ್ಫ್ ಚೀಲ ಹೊರುತ್ತಿದ್ದ ಕ್ಯಾಡಿ. ಹೊರುತ್ತಾ ನೋಡಿದರು, ನೋಡುತ್ತಾ ಕಲಿತರು. 2009ರಲ್ಲಿ ಗುರಗಾಂವ್‌ನಲ್ಲಿ ನಡೆದ ಇಂಡಿಯನ್ ಓಪನ್ ಪ್ರಶಸ್ತಿಯನ್ನು ಕೊರಿಯಾ ಆಟಗಾರನ ವಿರುದ್ಧ ಪ್ಲೇ-ಆಫ್‌ನಲ್ಲಿ ಗೆದ್ದುಕೊಂಡರು. ಇದು ಸಿನಿಮಾ ಕಥೆಯಲ್ಲ!

ಸಿನಿಮಾವೇ ಬೇಕಾದರೆ ಅದೂ ಇದೆ. 1913ರಲ್ಲಿ ಅಮೆರಿಕದ ಓಪನ್ ಗೆದ್ದ 20 ವರ್ಷದ ಫ್ರಾನ್ಸಿಸ್ ವಿಮೆಟ್ ಕೂಡ ಮೊದಲು ಕ್ಯಾಡಿಯೇ. ಅವನ ಚೀಲ ಹೊತ್ತವನು 10 ವರ್ಷದ ಪೋರ. ಈ ಕಥೆ 2005ರಲ್ಲಿ 'ದಿ ಗ್ರೇಟೆಸ್ಟ್ ಗೇಮ್ ಎವರ್ ಪ್ಲೇಯ್ಡ್' ಎಂಬ ಚಿತ್ರವಾಯಿತು. 2016ರ ಹಿಂದಿ 'ಫ್ರೀಕಿ ಅಲಿ'ಯಲ್ಲಿ ನವಾಜುದ್ದೀನ್ ಸಿದ್ದಿಕಿ ಚಡ್ಡಿ ಮಾರುವವನಾಗಿ ಶುರು ಮಾಡಿ ಗಾಲ್ಫ್ ಆಡುತ್ತಾರೆ.

ಎರಡನೆಯ ಹೆಸರು ಬೆಂಗಳೂರಿನ ಹುಡುಗಿ ಅದಿತಿ ಅಶೋಕ್. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ, ಕಂಚು ತಪ್ಪಿದ್ದು ಒಂದೇ ಹೊಡೆತದಲ್ಲಿ. ಚೀಲ ಹೊತ್ತವರು ಸ್ವಂತ ತಾಯಿ! ತಮಾಷೆ ಏನೆಂದರೆ, ಅಲ್ಲಿ ಆಡಿದವರಲ್ಲಿ ಅದಿತಿಯ ಡ್ರೈವು ತೀರ ಗಿಡ್ಡ ಅನ್ನಿಸುವಂಥದ್ದು. ಆದರೂ ದೂರ ಹೊಡೆಯುವ ಎಷ್ಟೋ ಘಟಾನುಘಟಿಗಳು ಹಿಂದೆ ಬಿದ್ದರು. ಚೆಂಡು ನೆಟ್ಟಗೆ ಹೋಗಿ ಹುಲ್ಲುಹಾಸಿನ ಮೇಲೆ ಬೀಳುವುದು ಮುಖ್ಯ. ಪೊದೆಯೊಳಗೆ 300 ಗಜ ಹೋದರೆ ಯಾರಿಗೆ ಬೇಕು, ಚಿರತೆಗಾ?

ಗಾಲ್ಫಿಗೆ ಖರ್ಚಿದೆ, ಸುಳ್ಳು ಹೇಳಬಾರದು. ಕೋಲು ದುಬಾರಿ, ಮೆಂಬರ್‌ಶಿಪ್ ಇನ್ನೂ ದುಬಾರಿ. ಮುನಿಯಪ್ಪನವರು ಚೀಲ ಹೊತ್ತು ಒಳಗೆ ಹೋಗಬೇಕಾಯಿತು. ಗೇಟು ಎಲ್ಲರಿಗೂ ತೆರೆಯುವುದು ದೊಡ್ಡವರಿಗೆ ಬಿಟ್ಟದ್ದು. ಆದರೆ ಸೊಂಟ ಮೊದಲು, ಕೈ ಆಮೇಲೆ ಅನ್ನುವ ವಿದ್ಯೆಗೆ ಯಾವ ಗೇಟೂ ಇಲ್ಲ. ಅದನ್ನು ಆಟೋ ನಗರದ ಮೇಸ್ತ್ರಿ ದಿನಾ ಕಲಿಸುತ್ತಾನೆ, ಫೀಸಿಲ್ಲದೆ!