ವಾಹನದ ರೇಡಿಯೇಟರ್ ಫ್ಯಾನಿಗೆ ಸುರಕ್ಷಿತ ವಿದ್ಯುತ್ ಜೋಡಣೆ

ಟೊಮ್ಯಾಟೊ, ಬೀನ್ಸ್, ಸೊಪ್ಪು, ಹೂವು ಮುಂತಾದ ಬೇಗ ಬಾಡುವ ಬೆಳೆಗಳನ್ನು ಬೆಳೆಯುವ ರೈತರಲ್ಲಿ ಅನೇಕರು ಈಗ ಸ್ವಂತ ಸಣ್ಣ ಸರಕು ವಾಹನವನ್ನು ಇಟ್ಟುಕೊಂಡಿದ್ದಾರೆ. ಮೂರು ನಾಲ್ಕು ತಿಂಗಳು ಶ್ರಮಪಟ್ಟು ಬೆಳೆದ ಮಾಲು ಬೆಳಗಿನ ಹರಾಜಿಗೆ ಮುಟ್ಟುವುದೂ ಬೇಸಾಯದ ಒಂದು ಭಾಗವೇ ಸರಿ. ಘಾಟಿ ಹತ್ತುವಾಗ ಅಥವಾ ಮಾರುಕಟ್ಟೆಯ ಬಾಗಿಲಲ್ಲಿ ಸಾಲಿನಲ್ಲಿ ನಿಂತಾಗ ಎಂಜಿನ್ ಕುದಿದು ವಾಹನ ನಿಂತರೆ ಆ ದಿನದ ಬೆಲೆ ಕೈತಪ್ಪುತ್ತದೆ. ಹಾಗೆಯೇ ಓಡಿಸಿದರೆ ಸಿಲಿಂಡರ್ ಹೆಡ್ಡು ಸೊಟ್ಟಗಾಗಿ, ಗ್ಯಾಸ್ಕೆಟ್ ಸುಟ್ಟು, ಒಂದು ಬೆಳೆಯ ಲಾಭವೆಲ್ಲ ದುರಸ್ತಿಗೇ ಹೋಗಬಹುದು.

ಇಂತಹ ತೊಂದರೆಗೆ ಅನೇಕ ವೇಳೆ ಕಾರಣ ರೇಡಿಯೇಟರಿನ ವಿದ್ಯುತ್ ಫ್ಯಾನಿನ ಜೋಡಣೆ ಕೆಟ್ಟಿರುವುದು. ಉಷ್ಣ ಸ್ವಿಚ್ಚು ಕೆಟ್ಟಾಗ ಕೈಗೆ ಸಿಕ್ಕ ತೆಳು ತಂತಿಯಿಂದ ಬ್ಯಾಟರಿಗೆ ನೇರವಾಗಿ ಜೋಡಿಸಿ, ಚಾಲಕನ ಮುಂದೆ ಒಂದು ಸಣ್ಣ ಸ್ವಿಚ್ಚು ಇಡುವ ಪದ್ಧತಿ ಹಳ್ಳಿ ಪಟ್ಟಣಗಳಲ್ಲೆಲ್ಲ ಕಂಡುಬರುತ್ತದೆ. ಇದು ಒಂದೆರಡು ತಿಂಗಳು ನಡೆಯಬಹುದು. ಆಮೇಲೆ ಸ್ವಿಚ್ಚು ಕರಗುವುದು, ತಂತಿ ಸುಡುವುದು, ಕೆಲವೊಮ್ಮೆ ವಾಹನಕ್ಕೇ ಬೆಂಕಿ ತಗಲುವುದು ಸಂಭವಿಸುತ್ತದೆ. ಸರಿಯಾದ ಜೋಡಣೆಯ ತತ್ತ್ವವನ್ನು ರೈತರು ತಿಳಿದಿದ್ದರೆ ತಾವೇ ಮಾಡಿಕೊಳ್ಳಬಹುದು; ಇಲ್ಲವೇ ಮೆಕ್ಯಾನಿಕ್ ಮಾಡಿದ ಕೆಲಸ ಸರಿಯಾಗಿದೆಯೇ ಎಂದು ಪರೀಕ್ಷಿಸಬಹುದು.

ಫ್ಯಾನಿನ ಅವಶ್ಯಕತೆ ಯಾವಾಗ?

ಟ್ರಾಕ್ಟರಿನ ಫ್ಯಾನು ಎಂಜಿನ್ನಿನಿಂದಲೇ ಬೆಲ್ಟಿನ ಮೂಲಕ ತಿರುಗುತ್ತದೆ. ಎಂಜಿನ್ ನಡೆಯುವಷ್ಟು ಹೊತ್ತೂ ಅದು ತಿರುಗುತ್ತಲೇ ಇರುತ್ತದೆ. ಕಾರು ಮತ್ತು ಅನೇಕ ಸಣ್ಣ ವಾಹನಗಳಲ್ಲಿ ಎಂಜಿನ್ನನ್ನು ಅಡ್ಡಲಾಗಿ ಅಥವಾ ರೇಡಿಯೇಟರಿನಿಂದ ದೂರವಾಗಿ ಇಟ್ಟಿರುವುದರಿಂದ ಬೆಲ್ಟು ಹಾಕಲು ಬರುವುದಿಲ್ಲ. ಆದ್ದರಿಂದ ಅಲ್ಲಿ ಪ್ರತ್ಯೇಕ ವಿದ್ಯುತ್ ಮೋಟಾರಿನ ಫ್ಯಾನು ಇರುತ್ತದೆ.

ವಾಹನ ಬಯಲು ರಸ್ತೆಯಲ್ಲಿ ವೇಗವಾಗಿ ಓಡುವಾಗ ಎದುರು ಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ಆಗ ಫ್ಯಾನಿನ ಅಗತ್ಯ ಕಡಿಮೆ. ಭಾರ ಹೊತ್ತು ನಿಧಾನವಾಗಿ ಏರು ಹತ್ತುವಾಗ, ಸಂತೆ ಬೀದಿಯಲ್ಲಿ ಸಾಗುವಾಗ, ಎಂಜಿನ್ ಚಾಲನೆಯಲ್ಲಿಟ್ಟು ನಿಂತಿರುವಾಗ ಫ್ಯಾನು ಬೇಕೇ ಬೇಕು. ಉಷ್ಣ ಸ್ವಿಚ್ಚು ಈ ವ್ಯತ್ಯಾಸವನ್ನು ತಾನೇ ಗುರುತಿಸುತ್ತದೆ. ನೀರಿನ ಉಷ್ಣತೆ ಸಾಮಾನ್ಯವಾಗಿ 90 ರಿಂದ 95 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅದು ಕೂಡಿಕೊಂಡು ಫ್ಯಾನನ್ನು ನಡೆಸುತ್ತದೆ. ಉಷ್ಣತೆ ಕೆಲವು ಡಿಗ್ರಿ ಇಳಿದ ಮೇಲೆ ನಿಲ್ಲಿಸುತ್ತದೆ. ಕೈ ಸ್ವಿಚ್ಚನ್ನು ನಂಬಿದರೆ ಚಾಲಕನು ಮರೆಯುವ ಒಂದು ದಿನ ಬಂದೇ ಬರುತ್ತದೆ. ಸದಾಕಾಲ ತಿರುಗಲು ಬಿಟ್ಟರೆ ಮೋಟಾರಿನ ಬ್ರಷ್ಷು, ಬೇರಿಂಗು ಬೇಗ ಸವೆಯುತ್ತವೆ, ವಿದ್ಯುತ್ತೂ ವ್ಯರ್ಥವಾಗುತ್ತದೆ.

12 ವೋಲ್ಟನ್ನು ಹಗುರವಾಗಿ ಎಣಿಸಬಾರದು

ಬ್ಯಾಟರಿಯ ತುದಿಗಳನ್ನು ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಆದ್ದರಿಂದ ಅದರಿಂದ ಅಪಾಯವಿಲ್ಲ ಎಂಬ ಭಾವನೆ ಅನೇಕರಲ್ಲಿದೆ. ಇದು ತಪ್ಪು ತಿಳಿವಳಿಕೆ. ತಂತಿಯನ್ನು ಕಾಯಿಸುವುದು ವೋಲ್ಟೇಜ್ ಅಲ್ಲ, ಅದರಲ್ಲಿ ಹರಿಯುವ ಆಂಪಿಯರ್.

ನಿಮಗೆ ಪರಿಚಿತವಾದ ಪಂಪ್‌ಸೆಟ್ಟನ್ನೇ ತೆಗೆದುಕೊಳ್ಳೋಣ. 5 ಅಶ್ವಶಕ್ತಿಯ ಮೂರು ಫೇಸಿನ ಸಾಮಾನ್ಯ ಮೋಟಾರು 415 ವೋಲ್ಟಿನಲ್ಲಿ ಪೂರ್ಣ ಹೊರೆ ಇರುವಾಗ ಒಂದು ಫೇಸಿಗೆ ಸುಮಾರು 7 ರಿಂದ 8 ಆಂಪಿಯರ್ ಎಳೆಯುತ್ತದೆ. ಕೇವಲ 120 ವ್ಯಾಟಿನ ರೇಡಿಯೇಟರ್ ಫ್ಯಾನು 12 ವೋಲ್ಟಿನಲ್ಲಿ 10 ಆಂಪಿಯರ್ ಎಳೆಯುತ್ತದೆ! ತಿರುಗಲು ಆರಂಭಿಸುವ ಕ್ಷಣದಲ್ಲಿ ಇದು ಇನ್ನೂ ಎರಡು ಮೂರು ಪಟ್ಟು ಹೆಚ್ಚು. ಅಂದಮೇಲೆ ಬಾವಿಯ ಮೋಟಾರಿಗೆ ಕೊಡುವ ಮರ್ಯಾದೆಯನ್ನು ಈ ಸಣ್ಣ ಫ್ಯಾನಿಗೂ ಕೊಡಬೇಕು: ದಪ್ಪ ತಂತಿ, ಫ್ಯೂಸು, ಸ್ಟಾರ್ಟರು ಮತ್ತು ಒಳ್ಳೆಯ ಅರ್ತು. ಇಲ್ಲಿ ಸ್ಟಾರ್ಟರಿನ ಕೆಲಸ ಮಾಡುವುದೇ ರಿಲೇ.

ರಿಲೇ ಎಂದರೇನು?

ಪಂಪಿನ ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದಾಗ ಮೋಟಾರಿನ ವಿದ್ಯುತ್ತೆಲ್ಲ ಆ ಗುಂಡಿಯ ಮೂಲಕ ಹರಿಯುವುದಿಲ್ಲ. ಗುಂಡಿಯು ಒಳಗಿನ ಸುರುಳಿಗೆ ಸ್ವಲ್ಪ ವಿದ್ಯುತ್ ಕೊಡುತ್ತದೆ. ಸುರುಳಿ ಅಯಸ್ಕಾಂತವಾಗಿ ದಪ್ಪ ಸಂಪರ್ಕಗಳನ್ನು ಎಳೆದು ಕೂಡಿಸುತ್ತದೆ. ರಿಲೇ ಕೂಡ ಇದೇ ತತ್ತ್ವದ ಮೇಲೆ ಕೆಲಸ ಮಾಡುವ ಬೆಂಕಿಪೆಟ್ಟಿಗೆಗಿಂತ ಚಿಕ್ಕ ಉಪಕರಣ. ಅದರ ಸುರುಳಿಗೆ ಆಂಪಿಯರಿನ ಐದನೆಯ ಒಂದು ಭಾಗದಷ್ಟು ವಿದ್ಯುತ್ ಸಾಕು. ಸಂಪರ್ಕಗಳು 30 ಅಥವಾ 40 ಆಂಪಿಯರ್ ತಡೆಯುತ್ತವೆ. ಹೀಗಾಗಿ ಉಷ್ಣ ಸ್ವಿಚ್ಚಿನ ಮೇಲೆ ಭಾರ ಬೀಳದೆ ಅದು ದೀರ್ಘಕಾಲ ಬಾಳುತ್ತದೆ.

ರಿಲೇಯ ತಳದಲ್ಲಿ ಕಾಲುಗಳ ಪಕ್ಕ ಸಂಖ್ಯೆಗಳನ್ನು ಮುದ್ರಿಸಿರುತ್ತಾರೆ. ಅವುಗಳ ಅರ್ಥ ಹೀಗಿದೆ:

30 – ಬ್ಯಾಟರಿಯಿಂದ ಫ್ಯೂಸಿನ ಮೂಲಕ ಬರುವ ದಪ್ಪ ತಂತಿ.
87 – ಫ್ಯಾನಿಗೆ ಹೋಗುವ ದಪ್ಪ ತಂತಿ.
86 – ಇಗ್ನಿಷನ್ ಕೀಲಿಯಿಂದ ಬರುವ ಸಣ್ಣ ತಂತಿ.
85 – ಉಷ್ಣ ಸ್ವಿಚ್ಚಿಗೆ ಹೋಗುವ ಸಣ್ಣ ತಂತಿ.

ಕೆಲವು ರಿಲೇಗಳಲ್ಲಿ 87ಎ ಎಂಬ ಐದನೆಯ ಕಾಲು ಇರುತ್ತದೆ. ರಿಲೇ ಸುಮ್ಮನಿರುವಾಗ ಇದು 30ರೊಡನೆ ಕೂಡಿಕೊಂಡಿರುತ್ತದೆ. ಫ್ಯಾನನ್ನು ಇದಕ್ಕೆ ಜೋಡಿಸಿದರೆ ತಣ್ಣಗಿದ್ದಾಗ ತಿರುಗಿ, ಬಿಸಿಯಾದಾಗ ನಿಲ್ಲುತ್ತದೆ! ಅದನ್ನು ಖಾಲಿ ಬಿಡಬೇಕು.

ತಂತಿಯ ಆಯ್ಕೆ

ಹನಿ ನೀರಾವರಿಯಲ್ಲಿ ಪೈಪು ಕಿರಿದಾಗಿ, ಉದ್ದ ಹೆಚ್ಚಾದರೆ ಕೊನೆಯ ಗಿಡಕ್ಕೆ ಒತ್ತಡ ಸಾಲುವುದಿಲ್ಲ. ತಂತಿಯಲ್ಲಿಯೂ ಹಾಗೆಯೇ. ದೀಪಗಳಿಗೆ ಬಳಸುವ 0.75 ಚ.ಮಿ.ಮೀ. ತಾಮ್ರದ ತಂತಿ 4 ಮೀಟರ್ ಹಾಕಿ 10 ಆಂಪಿಯರ್ ಹರಿಸಿದರೆ ದಾರಿಯಲ್ಲೇ ಸುಮಾರು 1 ವೋಲ್ಟ್ ನಷ್ಟವಾಗುತ್ತದೆ. ಮನೆಯ 230 ವೋಲ್ಟಿನಲ್ಲಿ ಒಂದು ವೋಲ್ಟು ಲೆಕ್ಕಕ್ಕಿಲ್ಲ. 12 ವೋಲ್ಟಿನಲ್ಲಿ ಅದು ಹನ್ನೆರಡರಲ್ಲಿ ಒಂದು ಪಾಲು. ಫ್ಯಾನಿನ ವೇಗ ಅಷ್ಟು ತಗ್ಗುತ್ತದೆ. ಕಳೆದುಹೋದ ಶಕ್ತಿ 10 ವ್ಯಾಟಿನ ಶಾಖವಾಗಿ, ಮೊದಲೇ ಬಿಸಿಯಾಗಿರುವ ಎಂಜಿನ್ ಮನೆಯಲ್ಲಿ ತಂತಿಯ ಹೊದಿಕೆಯನ್ನು ಮೆತ್ತಗಾಗಿಸುತ್ತದೆ. ಅದೇ ಉದ್ದಕ್ಕೆ 2.5 ಚ.ಮಿ.ಮೀ. ತಂತಿ ಹಾಕಿದರೆ ನಷ್ಟ 0.3 ವೋಲ್ಟ್ ಮಾತ್ರ.

ಸಣ್ಣ ವಾಹನಗಳ ಅಳತೆಗೆ ಕೆಳಗಿನ ಲೆಕ್ಕ ಸಾಕಾಗುತ್ತದೆ:

10 ಆಂಪಿಯರ್‌ವರೆಗಿನ ಫ್ಯಾನು – 2.5 ಚ.ಮಿ.ಮೀ. ತಂತಿ, 15 ಆಂಪಿಯರ್ ಫ್ಯೂಸು.
10 ರಿಂದ 20 ಆಂಪಿಯರ್ ಫ್ಯಾನು – 4 ಚ.ಮಿ.ಮೀ. ತಂತಿ, 20 ರಿಂದ 30 ಆಂಪಿಯರ್ ಫ್ಯೂಸು.
ಉಷ್ಣ ಸ್ವಿಚ್ಚು ಮತ್ತು ಸುರುಳಿಯ ತಂತಿ – 0.75 ರಿಂದ 1 ಚ.ಮಿ.ಮೀ., 3 ರಿಂದ 5 ಆಂಪಿಯರ್ ಫ್ಯೂಸು.

ಫ್ಯಾನಿನ ಮೇಲೆ ವ್ಯಾಟ್ ಬರೆದಿದ್ದರೆ ಅದನ್ನು 12ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. ಫ್ಯೂಸು ಫ್ಯಾನಿನ ಆಂಪಿಯರಿನ ಸುಮಾರು ಒಂದೂವರೆ ಪಟ್ಟು ಇರಲಿ. ತಂತಿ ಅನೇಕ ಎಳೆಗಳ ತಾಮ್ರದ್ದಾಗಿರಬೇಕು. ಒಂಟಿ ಎಳೆಯ ತಂತಿ ವಾಹನದ ಅದುರುವಿಕೆಗೆ ಮುರಿಯುತ್ತದೆ.

ಜೋಡಿಸುವ ವಿಧಾನ

ಇಲ್ಲಿ ಹೇಳಿರುವುದು 12 ವೋಲ್ಟಿನ, ಎಂಜಿನ್ ಕಂಪ್ಯೂಟರು ಇಲ್ಲದ ಹಳೆಯ ವಾಹನಗಳಿಗೆ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ನಿಯಮದ ವಾಹನಗಳಲ್ಲಿ ಮತ್ತು ಅದಕ್ಕೆ ಹಿಂದಿನ ಅನೇಕ ವಾಹನಗಳಲ್ಲಿ ಎಂಜಿನ್ ಕಂಪ್ಯೂಟರೇ ಫ್ಯಾನನ್ನು ನಡೆಸುತ್ತದೆ. ಅಂತಹವುಗಳಲ್ಲಿ ಫ್ಯೂಸು, ರಿಲೇಗಳನ್ನು ಪರೀಕ್ಷಿಸಿ ಬದಲಾಯಿಸಬಹುದೇ ಹೊರತು ತಂತಿಯನ್ನು ಕತ್ತರಿಸಬಾರದು.

1. ಎಂಜಿನ್ ಪೂರ್ಣ ತಣ್ಣಗಾದ ಮೇಲೆ ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿಡಿ. ಕೆಲಸ ಮುಗಿಯುವವರೆಗೂ ಅದನ್ನು ಸೇರಿಸಬೇಡಿ.

2. ಬ್ಯಾಟರಿಯ ಧನ ತುದಿಯಿಂದ ಒಂದು ಗೇಣಿನೊಳಗೆ ಮುಖ್ಯ ಫ್ಯೂಸನ್ನು ಕೂಡಿಸಿ. ಫ್ಯೂಸು ಕಾಯುವುದು ತನ್ನ ಮುಂದಿನ ತಂತಿಯನ್ನು ಮಾತ್ರ. ಬ್ಯಾಟರಿಗೂ ಅದಕ್ಕೂ ನಡುವಿನ ತಂತಿಗೆ ಕಾವಲಿಲ್ಲ. ಆ ಭಾಗ ಉಜ್ಜಿ ಬಾಡಿಗೆ ತಗುಲಿದರೆ ಬ್ಯಾಟರಿಯಿಂದ ನೂರಾರು ಆಂಪಿಯರ್ ನುಗ್ಗಿ ಕ್ಷಣದಲ್ಲಿ ತಂತಿ ಕೆಂಪಗೆ ಕಾಯುತ್ತದೆ.

3. ಫ್ಯೂಸಿನಿಂದ ರಿಲೇಯ 30ಕ್ಕೆ, 87ರಿಂದ ಫ್ಯಾನಿನ ಧನ ತಂತಿಗೆ ದಪ್ಪ ತಂತಿ ಎಳೆಯಿರಿ. ರಿಲೇಯನ್ನು ನೀರು ಸಿಡಿಯದ, ಎಂಜಿನ್ನಿನ ಕೊಳವೆಗೆ ದೂರವಾದ ಸ್ಥಳದಲ್ಲಿ, ಕಾಲುಗಳು ಕೆಳಮುಖವಾಗಿರುವಂತೆ ಕೂಡಿಸಿ.

4. ಕೀಲಿ ಹಾಕಿದಾಗ ಮಾತ್ರ ವಿದ್ಯುತ್ ಬರುವ ಒಂದು ತಂತಿಯಿಂದ ಸಣ್ಣ ಫ್ಯೂಸಿನ ಮೂಲಕ 86ಕ್ಕೆ ಜೋಡಿಸಿ. 85ರಿಂದ ಉಷ್ಣ ಸ್ವಿಚ್ಚಿಗೆ, ಅದರ ಇನ್ನೊಂದು ತುದಿಯಿಂದ ಅರ್ತಿಗೆ ತಂತಿ ಕೊಡಿ. ಒಂದೇ ತುದಿಯ ಸ್ವಿಚ್ಚಾದರೆ ಅದು ತನ್ನ ಮರೆಯ ಮೂಲಕವೇ ಅರ್ತು ಪಡೆಯುತ್ತದೆ. ಅಂತಹ ಮರೆಗೆ ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ದಪ್ಪವಾಗಿ ಸುತ್ತಿದರೆ ಸಂಪರ್ಕವೇ ತಪ್ಪುತ್ತದೆ.

5. ಫ್ಯಾನಿನ ಋಣ ತಂತಿಯೂ ಧನ ತಂತಿಯಷ್ಟೇ ದಪ್ಪವಿರಬೇಕು. ಬಾಡಿಯ ಬಣ್ಣ, ತುಕ್ಕು ಕೆರೆದು ಹೊಳೆಯುವ ಲೋಹಕ್ಕೆ ಬೋಲ್ಟಿನಿಂದ ಬಿಗಿದು, ಮೇಲೆ ಗ್ರೀಸ್ ಸವರಿ. ಫ್ಯಾನು ನಿಧಾನವಾಗಿ ತಿರುಗಲು ಕೆಟ್ಟ ಅರ್ತೇ ಬಹಳ ಸಲ ಕಾರಣವಾಗಿರುತ್ತದೆ.

6. ತಂತಿಗಳ ತುದಿಗೆ ಹಿತ್ತಾಳೆಯ ಟರ್ಮಿನಲ್ಲನ್ನು ಇಕ್ಕಳದಿಂದ ಬಿಗಿಯಾಗಿ ಅದುಮಿ. ಬರಿಗೈಯಲ್ಲಿ ತಿರುಚಿ ಟೇಪು ಸುತ್ತಿದ ಗಂಟು ಮಳೆಗಾಲ ಕಳೆಯುವುದರೊಳಗೆ ಹಸಿರು ಹಿಡಿಯುತ್ತದೆ. ತಗಡಿನ ರಂಧ್ರದಲ್ಲಿ ತಂತಿ ಹಾಯುವಲ್ಲಿ ರಬ್ಬರ್ ಉಂಗುರ ಹಾಕಲು ಮರೆಯಬೇಡಿ.

ಪರೀಕ್ಷಿಸುವ ಕ್ರಮ

ಬ್ಯಾಟರಿಯನ್ನು ಸೇರಿಸಿ, ಕೀಲಿ ಹಾಕಿ, ಉಷ್ಣ ಸ್ವಿಚ್ಚಿನ ಎರಡು ತಂತಿಗಳನ್ನು ಒಂದಕ್ಕೊಂದು ತಾಗಿಸಿ. ಒಂದೇ ತಂತಿಯಿದ್ದರೆ ಬಾಡಿಗೆ ತಾಗಿಸಿ. ರಿಲೇ 'ಟಿಕ್' ಎಂದು ಫ್ಯಾನು ತಿರುಗಬೇಕು. ಈಗ ರೇಡಿಯೇಟರಿನ ಮುಂಭಾಗಕ್ಕೆ ಒಂದು ಹಾಳೆ ಕಾಗದ ಹಿಡಿಯಿರಿ. ಫ್ಯಾನು ರೇಡಿಯೇಟರಿನ ಹಿಂದೆ ಇದ್ದಲ್ಲಿ ಕಾಗದ ಜಾಲರಿಗೆ ಅಂಟಿಕೊಳ್ಳಬೇಕು. ಹಾರಿ ದೂರ ಹೋದರೆ ಫ್ಯಾನಿನ ಎರಡು ತಂತಿಗಳು ಅದಲುಬದಲಾಗಿವೆ ಎಂದರ್ಥ. ಹಾಗೆಯೇ ಬಿಟ್ಟರೆ ವಾಹನ ಓಡುವಾಗ ಫ್ಯಾನು ಎದುರು ಗಾಳಿಯೊಡನೆ ಗುದ್ದಾಡುತ್ತದೆ.

ಬಳಿಕ ಸ್ವಿಚ್ಚನ್ನು ಮೊದಲಿನಂತೆ ಜೋಡಿಸಿ, ಎಂಜಿನ್ನನ್ನು ನಿಂತಲ್ಲೇ ನಡೆಸಿ. ಉಷ್ಣತೆಯ ಮುಳ್ಳು ಮಧ್ಯ ದಾಟುತ್ತಿದ್ದಂತೆ ಫ್ಯಾನು ತಾನಾಗಿ ಶುರುವಾಗಿ, ಕೆಲವು ನಿಮಿಷಗಳಲ್ಲಿ ನಿಲ್ಲಬೇಕು. ಮುಳ್ಳು ಕೆಂಪು ಗೆರೆಯತ್ತ ಹೋದರೂ ಫ್ಯಾನು ಬಾರದಿದ್ದರೆ ಎಂಜಿನ್ನನ್ನು ಕೂಡಲೇ ನಿಲ್ಲಿಸಿ. ಮಲ್ಟಿಮೀಟರ್ ಇದ್ದಲ್ಲಿ, ಫ್ಯಾನು ತಿರುಗುತ್ತಿರುವಾಗ ಬ್ಯಾಟರಿಯ ಧನ ತುದಿಗೂ ಫ್ಯಾನಿನ ಧನ ತಂತಿಗೂ ನಡುವಿನ ವೋಲ್ಟೇಜ್ ನೋಡಿ. ಅದು ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ಎಲ್ಲೋ ತಂತಿ ತೆಳುವಾಗಿದೆ ಅಥವಾ ಕೂಡಿಕೆ ಸಡಿಲವಾಗಿದೆ.

ಮುಂದೆಂದಾದರೂ ಫ್ಯಾನು ನಿಂತರೆ ಇದೇ ಕ್ರಮದಲ್ಲಿ ಹುಡುಕಿ. ಸ್ವಿಚ್ಚಿನ ತಂತಿಗಳನ್ನು ತಾಗಿಸಿದಾಗ ಫ್ಯಾನು ತಿರುಗಿದರೆ ದೋಷ ಸ್ವಿಚ್ಚಿನಲ್ಲಿದೆ, ಇಲ್ಲವೇ ನೀರು ಕಡಿಮೆಯಾಗಿ ಅದಕ್ಕೆ ಬಿಸಿ ತಾಗುತ್ತಿಲ್ಲ. 'ಟಿಕ್' ಎಂದೂ ಫ್ಯಾನು ತಿರುಗದಿದ್ದರೆ ಮುಖ್ಯ ಫ್ಯೂಸು, ರಿಲೇಯ ಸಂಪರ್ಕ, ಅರ್ತು, ಕೊನೆಗೆ ಮೋಟಾರು ನೋಡಿ. 'ಟಿಕ್' ಸದ್ದೇ ಇಲ್ಲದಿದ್ದರೆ ಸಣ್ಣ ಫ್ಯೂಸು ಮತ್ತು ಸುರುಳಿಯ ತಂತಿಗಳನ್ನು ನೋಡಿ.

ಎಚ್ಚರಿಕೆಗಳು

ಫ್ಯೂಸು ಪದೇ ಪದೇ ಸುಟ್ಟರೆ ದೊಡ್ಡ ಫ್ಯೂಸು ಹಾಕುವುದು, ಬೆಳ್ಳಿ ಕಾಗದವನ್ನೋ ತಂತಿಯ ಎಳೆಯನ್ನೋ ಸುತ್ತುವುದು ಪಂಪ್‌ಸೆಟ್ಟಿನಲ್ಲಿ ಮೋಟಾರನ್ನು ಸುಟ್ಟ ಅದೇ ಅಭ್ಯಾಸ. ವಾಹನದಲ್ಲಿ ಅದು ಡೀಸೆಲ್ ಕೊಳವೆಯ ಪಕ್ಕದಲ್ಲೇ ಬೆಂಕಿ ಇಟ್ಟಂತೆ. ಫ್ಯೂಸು ಏಕೆ ಸುಟ್ಟಿತೆಂದು ಹುಡುಕಿ. ಹೆಚ್ಚಾಗಿ ತಂತಿ ಉಜ್ಜಿರುತ್ತದೆ ಅಥವಾ ಮೋಟಾರಿನ ಬೇರಿಂಗು ಹಿಡಿದಿರುತ್ತದೆ.

ಕೆಲವು ವಾಹನಗಳಲ್ಲಿ ಕೀಲಿ ತೆಗೆದ ಮೇಲೂ ಫ್ಯಾನು ಹಠಾತ್ತನೆ ತಿರುಗುತ್ತದೆ. ಟವಲು, ಪಂಚೆ, ಸೆರಗು, ಕೈಬೆರಳು ದೂರವಿರಲಿ. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಒಳಗಿನ ನೀರು ಒತ್ತಡದಿಂದಾಗಿ 100 ಡಿಗ್ರಿ ಮೀರಿದರೂ ಕುದಿಯದೆ ಇರುತ್ತದೆ; ಮುಚ್ಚಳ ತೆಗೆದೊಡನೆ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಫ್ಯಾನು ಸರಿಯಾಗಿ ತಿರುಗಿಯೂ ಎಂಜಿನ್ ಕಾದರೆ ಜಾಲರಿಯನ್ನು ನೋಡಿ. ಒಕ್ಕಣೆ ಕಾಲದ ಹೊಟ್ಟು, ಧೂಳು ತುಂಬಿದ್ದರೆ ಎಂಜಿನ್ ತಣ್ಣಗಿರುವಾಗ ಒಳಗಿನಿಂದ ಹೊರಕ್ಕೆ ಮೆಲ್ಲನೆ ನೀರು ಹಾಯಿಸಿ ತೊಳೆಯಬೇಕು. ಕೊಳವೆಬಾವಿಯ ಗಡಸು ನೀರನ್ನು ರೇಡಿಯೇಟರಿಗೆ ಹಾಕಬೇಡಿ. ಹನಿ ನೀರಾವರಿಯ ರಂಧ್ರಗಳನ್ನು ಕಟ್ಟುವ ಅದೇ ಸುಣ್ಣ ಇಲ್ಲಿಯೂ ಕೊಳವೆಗಳನ್ನು ಕಟ್ಟುತ್ತದೆ. ತಯಾರಕರು ಹೇಳಿದ ಕೂಲೆಂಟನ್ನೇ ಬಳಸುವುದು ಉತ್ತಮ.

ಒಂದು ರಿಲೇ, ಎರಡು ಫ್ಯೂಸು, ಕೆಲವು ಮೀಟರ್ ದಪ್ಪ ತಂತಿ, ಅರ್ಧ ದಿನದ ಕೆಲಸ: ಇಷ್ಟಕ್ಕೆ ತಗಲುವ ವೆಚ್ಚ ಒಂದು ಹೆಡ್ಡು ದುರಸ್ತಿಯ ಮುಂದೆ ಅತ್ಯಲ್ಪ. ಬೇಸಿಗೆಗೆ ಮುಂಚೆ ನಿಮ್ಮ ವಾಹನದ ಮುಂದಿನ ಮುಚ್ಚಳ ತೆರೆದು, ಬ್ಯಾಟರಿಯಿಂದ ಫ್ಯಾನಿನವರೆಗೆ ತಂತಿಯ ಜಾಡು ಹಿಡಿದು ನೋಡಿ. ದಾರಿಯಲ್ಲಿ ಫ್ಯೂಸು ಮತ್ತು ರಿಲೇ ಸಿಗದಿದ್ದರೆ, ಮಾಲು ತುಂಬುವ ಮೊದಲೇ ಅವನ್ನು ಹಾಕಿಸಿಕೊಳ್ಳಿ.